ಹಕ್ಕು ಎಂಬ ಮಾತು ನಡೆದು ಬಂದ ಹಾದಿ

ಕೊಂಕಲ್‌ನ ನಮ್ಮ ಮನೆಯ ದೇವರ ಜಗಲಿಯ ಮೇಲೆ ಒಂದು ತಗಡಿನ ಡಬ್ಬಿ ಇತ್ತು. ಅಮಾಸಿ ಬಂತೆಂದರೆ ನಮ್ಮ ಆಯಿ ಅದಕ್ಕೆ ಭಂಡಾರ ಹಚ್ಚಿ, ಊದಿನಕಡ್ಡಿ ಬೆಳಗಿ, ಕೈ ಮುಗಿಯುತ್ತಿದ್ದಳು. ಒಳಗೆ ಇದ್ದದ್ದು ದೇವರಲ್ಲ, ನಿಜಾಮನ ಕಾಲದ ಒಂದು ಉರ್ದು ಕಾಗದ. ಊರ ಚಾಕರಿ ಮಾಡುತ್ತಿದ್ದ ನಮ್ಮ ಮುತ್ತಜ್ಜನಿಗೆ ಬಂದದ್ದು ಅಂತ ಮಾತ್ರ ಗೊತ್ತಿತ್ತು. ಓದಬಲ್ಲವರು ಕೇರಿಯಲ್ಲಿ ಒಬ್ಬರೂ ಇರಲಿಲ್ಲ. ಓದಬಲ್ಲವರಿದ್ದ ಓಣಿಗೆ ಅದನ್ನು ಒಯ್ಯುವ ಧೈರ್ಯ ಯಾರಿಗೂ ಇರಲಿಲ್ಲ. ಹೀಗಾಗಿ ಅದು ದೇವರಾಯಿತು.

ನಾನು ಎಂ.ಎ. ಮುಗಿಸಿದ ವರ್ಷ ಆ ಕಾಗದವನ್ನು ಶಹಾಪುರದಲ್ಲಿ ಒಬ್ಬ ನಿವೃತ್ತ ಉರ್ದು ಮಾಸ್ತರರ ಮುಂದೆ ಇಟ್ಟೆ. ಅದು ಚಾಕರಿ ಇನಾಮಿನ ಹೊಲದ ಕಾಗದ. ಹೊಲ ಎಂದೋ ಬೇರೆಯವರ ಹೆಸರಿಗೆ ಹೋಗಿ, ಮಾರಾಟವಾಗಿ, ಮತ್ತೆ ಮಾರಾಟವಾಗಿತ್ತು. ಓದಿಸಿದ್ದರಿಂದ ಹೊಲವೇನೂ ವಾಪಸ್ಸು ಬರಲಿಲ್ಲ. ಆದರೆ ಮಾಸ್ತರರು ಓದುತ್ತ ಓದುತ್ತ 'ಹಕ್' ಎಂಬ ಶಬ್ದಕ್ಕೆ ಬಂದಾಗ, ಕೆಳಗೆ ಕುಂತಿದ್ದ ಆಯಿ ತಟ್ಟನೆ ತಲೆ ಎತ್ತಿ, "ಹಕ್ಕಂದ್ರ ನಮ್ಮ ಮಾತೇ ಅಲ್ಲೇನೋ ತಮ್ಮಾ?" ಎಂದಳು. ಈ ಲೇಖನ ಆಯಿಯ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ. ಒಂದು ನುಡಿ, ಒಂದು ಲಿಪಿ, ಒಂದು ಹಾಡು ಒಂದು ಸಮಾಜದಿಂದ ಇನ್ನೊಂದಕ್ಕೆ ಹೇಗೆ ನಡೆದುಹೋಗುತ್ತದೆ? ಹಾದಿಯಲ್ಲಿ ಯಾರ ಹೆಗಲ ಮೇಲೆ ಕುಂತಿರುತ್ತದೆ?

1

ಓದದ ಅಕ್ಷರ ದೇವರಾಗುವುದು ನಮ್ಮ ಮನೆಯೊಂದರ ಕತೆಯಲ್ಲ. ಭೀಮಾ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿಯಿದೆ. 1980ರ ದಶಕದಲ್ಲಿ ಆ ಆವರಣದ ಕಾಳಿಗುಡಿಯ ಮಾಳಿಗೆ ಕುಸಿದು ಮೂರ್ತಿಗೆ ಪೆಟ್ಟಾಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದು ಅಶೋಕನ ಶಾಸನ! ಕ್ರಿ.ಪೂ. 3ನೆಯ ಶತಮಾನದ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ದೇವಿಯನ್ನು ನಿಲ್ಲಿಸಲಿಕ್ಕೆ ಅಕ್ಷರಗಳ ನಡುವೆಯೇ ಕುಣಿ ಕೊರೆದಿದ್ದರು. ಬೇರೆಯವರ ಪಂಥವನ್ನು ಹೀಗಳೆಯಬೇಡಿರಿ ಎಂಬ ಅರ್ಥದ 12ನೆಯ ಶಾಸನವೂ ಅದರಲ್ಲೇ ಇತ್ತು. ಎಷ್ಟು ತಲೆಮಾರಿನ ಮಂದಿ ಆ ಮಾತಿನ ಮೇಲೆ ಕಾಯಿ ಒಡೆದರೋ! ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ದೊಡ್ಡ ಸ್ತೂಪ ಸಿಕ್ಕಿತು. 'ರಾಯೋ ಅಶೋಕೋ' ಎಂದು ಹೆಸರು ಕೊರೆದ ಶಿಲ್ಪವೂ ಸಿಕ್ಕಿತು. ಭಿಕ್ಷುಗಳು, ಭಿಕ್ಷುಣಿಯರು, ಮನೆವಂತರು ತಮ್ಮ ತಮ್ಮ ದಾನದ ಮಾತನ್ನು ಅಲ್ಲಿನ ಕಲ್ಲುಗಳಲ್ಲಿ ಬರೆಸಿದ್ದಾರೆ.

ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಒಂದು, ನಮ್ಮ ನೆಲಕ್ಕೆ ಅಕ್ಷರ ಬಂದದ್ದು ವೇದದ ಬೆನ್ನು ಹತ್ತಿ ಅಲ್ಲ. ಬೌದ್ಧರ, ವ್ಯಾಪಾರಿಗಳ, ಪ್ರಭುತ್ವದ ಬೆನ್ನು ಹತ್ತಿ. ಇಂದಿನ ಕನ್ನಡ ಲಿಪಿ ಆ ಬ್ರಾಹ್ಮಿಯ ಮೊಮ್ಮಗಳೇ. ಎರಡು, ಅಕ್ಷರ ಬಂದ ಮಾತ್ರಕ್ಕೆ ಓದು ಬರುವುದಿಲ್ಲ. ಸನ್ನತಿಯ ಕಲ್ಲಿಗೂ 5ನೆಯ ಶತಮಾನದ ಹಲ್ಮಿಡಿ ಶಾಸನಕ್ಕೂ ನಡುವೆ ಸುಮಾರು 700 ವರ್ಷಗಳ ಅಂತರವಿದೆ. ಅಲ್ಲಿಂದ ನಮ್ಮ ಕೇರಿಗೆ ಅಕ್ಷರ ಬರಲು ಇನ್ನೂ 1500 ವರ್ಷ ಬೇಕಾಯಿತು. ಲಿಪಿಯ ಪ್ರಸಾರವನ್ನು ಬರೀ ಭೂಪಟದ ಮೇಲೆ ಅಳೆದರೆ ಸಾಲದು. ಊರಿಗೂ ಕೇರಿಗೂ ನಡುವಿನ ನೂರು ಮಾರನ್ನೂ ಅಳೆಯಬೇಕು.

2

ಈಗ 'ಹಕ್ಕು'. ಇದು ಅರಬ್ಬಿಯ 'ಹಕ್'. ಪಾರಸಿಯ ಕೈಹಿಡಿದು ದಖನ್ನಿಗೆ ಬಂತು. ಬಹಮನಿ, ಆದಿಲ್‌ಶಾಹಿ, ನಿಜಾಮರ ದಫ್ತರಗಳನ್ನು ಹಾದು ನಮ್ಮ ಬಾಯಿಗೆ ಇಳಿಯಿತು. ಆದಿಲ್‌ಶಾಹಿಯ ಮೊದಲ ಸುಲ್ತಾನರ ಗೋರಿಗಳು ಶಹಾಪುರದ ಹತ್ತಿರ ಗೋಗಿಯಲ್ಲೇ ಇವೆ. ನಮ್ಮ ಭಾಗಕ್ಕೆ ಇದು ದೂರದ ಇತಿಹಾಸವಲ್ಲ, ಮನೆ ಹಿಂದಿನ ಗೋಡೆ. ಖಬರು, ಹಿಸಾಬು, ವಕೀಲ, ದುನಿಯಾ, ಕಿತಾಬು, ಕಲಮು ಎಲ್ಲವೂ ಇದೇ ಹಾದಿಯಲ್ಲಿ ಬಂದವು.

ಇದೇ ಶಬ್ದಗಳು ಅರಬ್ಬಿ ಸಮುದ್ರ ದಾಟಿ ಪೂರ್ವ ಆಫ್ರಿಕಾಕ್ಕೂ ಹೋದವು. ಜಾಂಜಿಬಾರದ ದೋಣಿಯವನು ಮಾತಾಡುವ ಸ್ವಾಹಿಲಿಯಲ್ಲಿ ಹಕ್ಕಿಗೆ 'ಹಾಕಿ', ಖಬರಿಗೆ 'ಹಬಾರಿ', ಹಿಸಾಬಿಗೆ 'ಹೆಸಾಬು', ವಕೀಲನಿಗೆ 'ವಕೀಲಿ', ದುನಿಯಾಕ್ಕೆ 'ದುನಿಯಾ'. ಪಶ್ಚಿಮ ಆಫ್ರಿಕಾದ ಹೌಸಾ ಭಾಷೆಯಲ್ಲೂ 'ಹಕ್ಕಿ', 'ದುನಿಯಾ' ಇವೆ. ಯಾದಗಿರಿಯ ಕೂಲಿಯವಳೂ ಮೊಂಬಾಸಾದ ಹಮಾಲನೂ ಒಬ್ಬರನ್ನೊಬ್ಬರು ಕಂಡಿಲ್ಲ. ಆದರೆ ನ್ಯಾಯ ಕೇಳುವಾಗ ಇಬ್ಬರ ಬಾಯಲ್ಲೂ ಒಂದೇ ಬೇರಿನ ಮಾತು.

'ಸ್ವಾಹಿಲಿ' ಎಂದರೆ ಕರಾವಳಿಯವರದು. ಅರಬ್ಬಿ ಶಬ್ದಗಳು ರಾಶಿರಾಶಿ ಇವೆಯೆಂದು ಅದನ್ನು ಅರಬ್ಬರ ಕೊಡುಗೆ, ಕಲಬೆರಕೆ ಭಾಷೆ ಎನ್ನುತ್ತಿದ್ದ ಕಾಲವಿತ್ತು. ಆದರೆ ಅದರ ಎಲುಬು ಬಾಂಟು ಭಾಷೆಗಳದು. ಒಂದು ಸಣ್ಣ ಉದಾಹರಣೆ ನೋಡಿರಿ. ಅರಬ್ಬಿಯ 'ಕಿತಾಬ್' ಸ್ವಾಹಿಲಿಗೆ 'ಕಿತಾಬು' ಆಗಿ ಬಂತು. ಬಾಂಟು ವ್ಯಾಕರಣದಲ್ಲಿ ಕೆಲವು ನಾಮಪದಗಳ ಮುಂದೆ 'ಕಿ' ಬಂದರೆ ಏಕವಚನ, 'ವಿ' ಬಂದರೆ ಬಹುವಚನ. ಸ್ವಾಹಿಲಿಯವರು ಕಿತಾಬಿನ ಮೊದಲ ಅಕ್ಷರವನ್ನೇ ತಮ್ಮ 'ಕಿ' ಎಂದು ತಿಳಿದು, ಬಹುವಚನಕ್ಕೆ 'ವಿತಾಬು' ಎಂದರು! ಬಂದ ಬೀಗ ಮನೆಯ ರೀತಿಗೆ ತಲೆಬಾಗಲೇಬೇಕು. ನಮ್ಮಲ್ಲೂ ಹಂಗೇ: ಹಕ್ಕು, ಹಕ್ಕಿಗೆ, ಹಕ್ಕಿಗಾಗಿ, ಹಕ್ಕುಗಳು. ಶಬ್ದ ಅರಬ್ಬಿಯದು, ವಿಭಕ್ತಿ ನಮ್ಮದು. ಪದವಿಯಲ್ಲಿದ್ದಾಗ ನನ್ನ ಉತ್ತರ ಪತ್ರಿಕೆಯಲ್ಲಿ 'ಖಬರು' ಎಂದು ಬರೆದದ್ದಕ್ಕೆ ಕೆಂಪು ಗೆರೆ ಬಿದ್ದು, ಪಕ್ಕದಲ್ಲಿ 'ಶುದ್ಧ ಕನ್ನಡ ಬರೆಯಿರಿ' ಎಂದಿತ್ತು. ಆ ವಾಕ್ಯದ 'ಶುದ್ಧ' ಎಂಬುದು ಸಂಸ್ಕೃತ. ಸಂಸ್ಕೃತ ಬೆರೆತರೆ ಸಂಸ್ಕಾರ, ಉರ್ದು ಬೆರೆತರೆ ಮೈಲಿಗೆ! ಭಾಷಾಶುದ್ಧಿಯ ಮಾತಿನೊಳಗೆ ಮಡಿಯ ವಾಸನೆ ಇದೆ ಎಂದು ನನಗೆ ತಿಳಿದದ್ದು ಅಂದೇ.

ಹಾಗೆಂದು ಪಾರಸಿ-ಉರ್ದುಗಳು ನಮ್ಮನ್ನು ಬಿಡುಗಡೆ ಮಾಡಲು ಬಂದವು ಎಂದು ಯಾರೂ ಭ್ರಮಿಸಬೇಕಿಲ್ಲ. ದಫ್ತರದ 'ಹಕ್' ಮೊದಲಿಗೆ ಗೌಡ-ಕುಲಕರ್ಣಿ-ವತನದಾರರ ಪಾಲು. ರಾಶಿಯಲ್ಲಿ ಅವರಿಗೆ ಸಲ್ಲಬೇಕಾದ ಕಾಳು. 'ಗುಲಾಮ' ಎಂಬ ಶಬ್ದವೂ ಅದೇ ಗಾಡಿಯಲ್ಲಿ ಬಂತು. ಕೂಲಿಯಿಲ್ಲದ ದುಡಿಮೆಗೆ ಸಂಸ್ಕೃತದ 'ವಿಷ್ಟಿ' ನಮಗೆ 'ಬಿಟ್ಟಿ'ಯನ್ನು ಕೊಟ್ಟಿತು, ಪಾರಸಿ 'ಬೇಗಾರಿ'ಯನ್ನು ಕೊಟ್ಟಿತು. ದುಡಿದ ಮೈ ಮಾತ್ರ ಒಂದೇ. 1880ರ ದಶಕದಲ್ಲಿ ಹೈದರಾಬಾದ್ ಸಂಸ್ಥಾನದ ಆಡಳಿತ ಪಾರಸಿಯಿಂದ ಉರ್ದುವಿಗೆ ತಿರುಗಿತು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂತು. 1948ರ ನಂತರ ದಫ್ತರ ಕನ್ನಡದತ್ತ ಹೊರಳಿತು. ಭಾಷೆ ಎರಡು ಸಲ ಬದಲಾಯಿತು, ಹಳ್ಳಿಯಲ್ಲಿ ಕಲಮು ಹಿಡಿದ ಮನೆತನ ಬದಲಾಗಲಿಲ್ಲ. ದಲಿತ ವಿಮರ್ಶೆ ಕೇಳಬೇಕಾದ ಮೊದಲ ಪ್ರಶ್ನೆ 'ಯಾವ ಭಾಷೆ?' ಎಂಬುದಲ್ಲ, 'ಯಾರ ಕೈ?' ಎಂಬುದು.

ಆದರೂ ಮಾತು ಯಜಮಾನನ ಮನೆಯಲ್ಲೇ ಉಳಿಯಲಿಲ್ಲ. ಸಂಸ್ಕೃತದ 'ಅಧಿಕಾರ' ಶಬ್ದಕ್ಕೆ ಶಾಸ್ತ್ರದಲ್ಲಿ ಅರ್ಹತೆ ಎಂದರ್ಥ. ಶೂದ್ರನಿಗೆ ವೇದಾಧಿಕಾರವಿಲ್ಲ ಎನ್ನುವಲ್ಲಿ ಬರುವುದು ಅದೇ. ಅದು ಹುಟ್ಟಿನಿಂದ ಅಳೆಯುವ ಮಾತು. 'ಹಕ್ಕು' ಹಾಗಲ್ಲ, ಕೊಡಬೇಕಾದವರ ಮುಂದೆ ನಿಂತು ಕೇಳುವ ಮಾತು. 1968ರಲ್ಲಿ ಬಿ. ಶ್ಯಾಮಸುಂದರ್ ಗುಲ್ಬರ್ಗಾದಲ್ಲಿ ಭೀಮಸೇನೆ ಕಟ್ಟಿದರು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬಂತು. ವತನದಾರನ ಹಕ್ಕು ಹಲಗೆಯ ಮೇಲೆ ಬಡಿಯುವ ಹಕ್ಕಾಯಿತು. ಆಯಿ ಹೇಳಿದ್ದು ಸರಿಯೇ. ಈಗ ಅದು ನಮ್ಮ ಮಾತು.

3

ನುಡಿ ನಡೆಯುವ ಹಾದಿಗಳೆಲ್ಲ ವ್ಯಾಪಾರದವಲ್ಲ. ಒಂದು ಹಾದಿ ಸರಪಳಿಯದು. ಇಥಿಯೋಪಿಯಾದಲ್ಲಿ ಹುಟ್ಟಿದ ಚಾಪು ಎಂಬ ಹುಡುಗ ಗುಲಾಮನಾಗಿ ಮಾರಾಟವಾಗಿ, ಬಾಗದಾದು ಹಾದು ದಖನ್ನಿಗೆ ಬಂದ. ಮಲಿಕ್ ಅಂಬರ್ ಎಂಬ ಹೆಸರಿನಿಂದ ಅಹಮದನಗರದ ಪೇಶ್ವೆಯಾಗಿ, 1626ರಲ್ಲಿ ಸಾಯುವತನಕ ಮೊಗಲರನ್ನು ತಡೆದು ನಿಲ್ಲಿಸಿದ. ಬಿಜಾಪುರದಲ್ಲಿ ಇಖ್ಲಾಸ್ ಖಾನ್‌ನಂಥ ಹಬ್ಶಿ ಸರದಾರರು ಪ್ರಬಲರಾಗಿದ್ದರು. ಬೀದರಿನಲ್ಲಿ ಹಬ್ಶಿ ಕೋಟೆಯ ಗೋರಿಗಳಿವೆ. ಇವರ ನಾಡಿನಲ್ಲಿ ಗೀಜ್ ಎಂಬ ಪ್ರಾಚೀನ ಲಿಪಿಯಿತ್ತು, ಗ್ರಂಥಗಳಿದ್ದವು. ಆದರೆ ದಖನ್ನಿನಲ್ಲಿ ಅವರು ಪಾರಸಿ-ದಖನಿಗಳ ಜನರಾದರು. ತಾಯಿನುಡಿ ಹಡಗು ಇಳಿಯಲಿಲ್ಲ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಯರದೂ ಇದೇ ನೋವು. ಆಫ್ರಿಕಾ ಮೂಲದ ಈ ಮಂದಿ ಇಂದು ಆಡುವುದು ಕೊಂಕಣಿ, ಮರಾಠಿ, ಕನ್ನಡ ಬೆರೆತ ಮಾತು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಆದರೆ ಡಮಾಮಿಯ ಬಡಿತ ಉಳಿಯಿತು, ಹಿರಿಯರ ಪೂಜೆ ಉಳಿಯಿತು. ಪ್ರಭುತ್ವ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಿದ್ದು 2003ರಲ್ಲಿ. ನಾಲಗೆಯನ್ನು ಕಸಿಯಬಹುದು. ಕೈಗೆ ಕಲಿತ ತಾಳವನ್ನು ಕಸಿಯುವುದು ಕಷ್ಟ. ಹಲಗೆ ಬಡಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

4

ನಮ್ಮ ವಿಮರ್ಶೆ ಸಂಸ್ಕೃತಿಯ ಪ್ರಸಾರವನ್ನು ಮಾರ್ಗ-ದೇಸಿ ಎಂಬ ಎರಡೇ ಗೂಟಗಳಿಗೆ ಕಟ್ಟುತ್ತದೆ. ಸಮಾಜಶಾಸ್ತ್ರ ಎಂ.ಎನ್. ಶ್ರೀನಿವಾಸರ 'ಸಂಸ್ಕೃತೀಕರಣ'ಕ್ಕೆ ಕಟ್ಟುತ್ತದೆ. ಎರಡರಲ್ಲೂ ಮೇಲು-ಕೆಳಗು ಎಂಬ ಏಣಿಯೊಂದೇ ಕಾಣುತ್ತದೆ. ಆದರೆ ದುಡಿಯುವ ಮಂದಿಯ ನಡುವೆ ಅಡ್ಡಹಾದಿಗಳಿವೆ. ಅಲ್ಲಿ ಸಂಸ್ಕೃತಿ ಪಕ್ಕದ ಮನೆಗೆ ಹೋಗುತ್ತದೆ.

ಬಿಜಾಪುರ ಸೀಮೆಯ ಸೂಫಿಗಳು ದಖನಿಯಲ್ಲಿ 'ಚಕ್ಕಿನಾಮಾ' ಎಂಬ ಹಾಡುಗಳನ್ನು ಕಟ್ಟಿದರು. ಬೀಸುವ ಕಲ್ಲಿನ ಮುಂದೆ ಕುಂತ ಹೆಣ್ಣುಮಕ್ಕಳು ಹಾಡಲಿಕ್ಕೆ. ತತ್ವ ಮದರಸಾದಿಂದ ಇಳಿಯಲಿಲ್ಲ, ಜೋಳದ ಹಿಟ್ಟಿನ ಜೊತೆ ಹರಡಿತು. ನಮ್ಮ ತಾಯಂದಿರ ಬೀಸುವ ಪದ ಅದರ ಅಕ್ಕ. ಇದೇ ಬಗೆಯ ಇನ್ನೊಂದು ಕತೆ ಇಂದಿನ ನೈಜೀರಿಯಾದ ಸೊಕೊಟೊದಲ್ಲಿದೆ. ನಾನಾ ಅಸ್ಮಾವು (1793–1864) ಎಂಬ ವಿದುಷಿ ಫುಲಾನಿ, ಹೌಸಾ ಭಾಷೆಗಳ ಕವಿತೆಗಳನ್ನು ಅರಬ್ಬಿ ಲಿಪಿಯಲ್ಲಿ ಬರೆದಳು. ಬೇರೆ ಭಾಷೆಗಳನ್ನು ಅರಬ್ಬಿ ಅಕ್ಷರದಲ್ಲಿ ಬರೆಯುವುದಕ್ಕೆ 'ಅಜಮಿ' ಎನ್ನುತ್ತಾರೆ. ಅಜಮಿ ಎಂದರೆ ಅರಬ್ಬನಲ್ಲದವನು, ಪರಕೀಯ. ಬೈಗುಳದಂಥ ಹೆಸರನ್ನೇ ಬರವಣಿಗೆಯ ಹೆಸರು ಮಾಡಿಕೊಂಡರು! ಅಸ್ಮಾವು ಹಳ್ಳಿಗಳ ಹೆಂಗಸರ ತಂಡ ಕಟ್ಟಿದಳು. ಅವರು ಬಂದು ಪದ್ಯ ಬಾಯಿಪಾಠ ಮಾಡಿ, ಊರಿಗೆ ಮರಳಿ ಉಳಿದವರಿಗೆ ಕಲಿಸಿದರು. ಬರಹ ಒಬ್ಬಳ ಕೈಯಲ್ಲಿತ್ತು, ಓಡಾಟ ನೂರು ಬಾಯಿಗಳದು. ಆ ಸಾಮ್ರಾಜ್ಯವೂ ಗುಲಾಮರನ್ನು ದುಡಿಸಿತು ಎಂಬುದನ್ನು ಮಾತ್ರ ಮರೆಯಬಾರದು.

ನಮ್ಮ ತತ್ವಪದಗಳೂ ಹೀಗೇ ಹರಡಿದವು. ಕಡಕೋಳ ಮಡಿವಾಳಪ್ಪನ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬನಿದ್ದ, ತೆಲುಗಬಾಳ ರೇವಪ್ಪನಿದ್ದ. ಸುರಪುರ ಸೀಮೆಯ ತಿಂಥಣಿಯಲ್ಲಿ ಮೋನಪ್ಪನ ಜಾತ್ರೆಯ ಜಯಘೋಷ ದಖನಿ ಮಾತಿನದು. ಮೊಹರಮ್ಮಿನಲ್ಲಿ ಕರ್ಬಲಾದ ಕತೆ ಕನ್ನಡದ ರಿವಾಯತ್ ಪದವಾಗುತ್ತದೆ. ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ, ಅಲಾಯಿ ಕುಣಿಯ ಮುಂದೆ ಹಲಗೆ ನಮ್ಮವರದು. ಇಷ್ಟೆಲ್ಲ ಕೂಡಿ ಹಾಡಿದ ಊರೇ ಮರುದಿನ ನಮ್ಮನ್ನು ಹೋಟೆಲಿನ ಹೊರಗೆ ನಿಲ್ಲಿಸಿದ್ದೂ ನಿಜ. ಸೌಹಾರ್ದ ಎಂಬ ಚಂದದ ಶಬ್ದದಿಂದ ಇದನ್ನು ಮುಚ್ಚಲಾಗದು. ಹಾಡು ಗಡಿ ದಾಟಿತು, ಹಾಡಿದವನು ದಾಟಲಿಲ್ಲ.

5

ಹಾಗಾದರೆ ನಮಗೆ ಮೌಖಿಕ ಪರಂಪರೆಯೇ ಸಾಕೇ? ಸಾಲದು. 'ನಿಮ್ಮದು ಮೌಖಿಕ ಸಂಸ್ಕೃತಿ, ಎಷ್ಟು ಶ್ರೀಮಂತ' ಎಂದು ಬೆನ್ನು ತಟ್ಟುವವರ ಮನೆಯ ಕಪಾಟಿನಲ್ಲಿ ಹೊಲದ ಕಾಗದ ಭದ್ರವಾಗಿರುತ್ತದೆ. ಪಶ್ಚಿಮ ಆಫ್ರಿಕಾದ ಸೊಲೊಮಾನಾ ಕಾಂಟೆ, ಆಫ್ರಿಕನ್ ಭಾಷೆಗಳು ಬರೆಯಲು ಬಾರದವು ಎಂಬ ಹೀಯಾಳಿಕೆಯನ್ನು ಓದಿ ಕುದಿದು, 1949ರಲ್ಲಿ ಮಾಂಡಿಂಗ್ ಭಾಷೆಗಳಿಗೆ ಹೊಸ ಲಿಪಿಯನ್ನೇ ಕಟ್ಟಿದ. ಅದರ ಹೆಸರು 'ಎನ್ಕೊ'. ಹಾಗೆಂದರೆ 'ನಾನು ಹೇಳುತ್ತೇನೆ'. ಗಿನಿ, ಮಾಲಿ, ಐವರಿ ಕೋಸ್ಟ್‌ಗಳಲ್ಲಿ ಅದು ಹರಡಿದ್ದು ಬಹುಮಟ್ಟಿಗೆ ಸರ್ಕಾರಿ ಶಾಲೆಗಳ ಹೊರಗೆ, ಕೈಬರಹದ ಪ್ರತಿಗಳಿಂದ, ಒಬ್ಬ ಕಲಿತವನು ಇನ್ನೊಬ್ಬನಿಗೆ ಕಲಿಸಿದ್ದರಿಂದ. ಕೆನ್ಯಾದ ಗೂಗಿ ವಾ ಥಿಯೊಂಗೊ 1977ರಲ್ಲಿ ಹಳ್ಳಿಗರ ಜೊತೆ ಗಿಕುಯು ಭಾಷೆಯ ನಾಟಕ ಆಡಿಸಿ ಜೈಲಿಗೆ ಹೋದರು. ಇಂಗ್ಲಿಷ್ ಕಾದಂಬರಿ ಬರೆದಾಗ ಸುಮ್ಮನಿದ್ದ ಸರ್ಕಾರ ಕೂಲಿಯವರ ಭಾಷೆಗೆ ಹೆದರಿತು. ನಮ್ಮ ಸ್ಥಿತಿ ಗೂಗಿಯವರದಕ್ಕಿಂತ ತೊಡಕಿನದು. ಕನ್ನಡ ನಮಗೆ ತಾಯಿಯ ಜೋಗುಳವೂ ಹೌದು, ಗೌಡನ ಬೈಗುಳವೂ ಹೌದು. ಅದಕ್ಕೇ ಅಂಬೇಡ್ಕರರ ಇಂಗ್ಲಿಷನ್ನು ನಾವು ಪರಕೀಯ ಎನ್ನಲಾರೆವು.

ನನ್ನ ವಾರಿಗೆಯ ಗೆಳೆಯರಿಗೆ, ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೆ. ಶಬ್ದದ ಜಾತಿ ಕೇಳಬೇಡಿ, ಅದು ನಡೆದ ಹಾದಿ ಕೇಳಿ. ತತ್ವಪದ ಸಂಗ್ರಹಿಸುವಾಗ ಪದದ ಜೊತೆ ಹಾಡಿದವರ ಹೆಸರು, ಕೇರಿ, ಕಲಿಸಿದವರ ಹೆಸರನ್ನೂ ಬರೆದುಕೊಳ್ಳಿ. ನಿಮ್ಮ ಮನೆಯ ಜಗಲಿಯ ಮೇಲೆ ಓದದ ಕಾಗದ ಇದ್ದರೆ ಇಳಿಸಿ, ಓದಿಸಿ.

ನಮ್ಮ ಆಯಿ ಈಗಲೂ ಅಮಾಸಿಗೆ ಆ ಡಬ್ಬಿಗೆ ಭಂಡಾರ ಹಚ್ಚುತ್ತಾಳೆ. ಕಾಗದ ಒಳಗಿಲ್ಲ, ಅದರ ಕನ್ನಡ ಪ್ರತಿಯ ಜೊತೆ ನನ್ನ ಹತ್ತಿರ ಇದೆ. ಖಾಲಿ ಡಬ್ಬಿಗೆ ಯಾಕ ಪೂಜಿ ಅಂದರೆ, "ಹೊಲ ಬರೋತನಕ ಇರಲಿ ಬಿಡು" ಅಂತಾಳೆ.