ಬೀಗ ಒಬ್ಬರದು, ಬೆಂಕಿ ಎಲ್ಲರದು

ಲಂಡನ್ ನಗರದ ಬೆಲ್‌ಗ್ರೇವಿಯ ಎಂಬ ಸಿರಿವಂತರ ಬಡಾವಣೆಯಲ್ಲಿ 1830ರ ಸುಮಾರಿಗೆ ಒಂದು ಭವ್ಯವಾದ ಕಟ್ಟಡ ತಲೆಯೆತ್ತಿತು. ಮುಂಭಾಗದಲ್ಲಿ ಗ್ರೀಕರ ದೇವಾಲಯವನ್ನು ನೆನಪಿಗೆ ತರುವ ಕಂಬಗಳ ಸಾಲು. ಒಳಗೆ ವಿಶಾಲವಾದ ಉಗ್ರಾಣ. ಅದರ ಹೆಸರು ‘ಪ್ಯಾಂಟೆಕ್ನಿಕನ್’. ಊರು ಬಿಟ್ಟು ಹೊರಟ ಶ್ರೀಮಂತರು ತಮ್ಮ ಮೇಜು ಕುರ್ಚಿಗಳು, ಚಿತ್ರಪಟಗಳು, ಸಾರೋಟುಗಳು ಎಲ್ಲವನ್ನೂ ಬಾಡಿಗೆ ತೆತ್ತು ಅಲ್ಲಿ ಇರಿಸಿ ನಿಶ್ಚಿಂತೆಯಿಂದ ಹೋಗುತ್ತಿದ್ದರು. ಬೆಂಕಿಗೆ ಜಗ್ಗದ ಕಟ್ಟಡವೆಂದು ಅದು ಹೆಸರಾಗಿದ್ದುದೇ ಆ ನಿಶ್ಚಿಂತೆಗೆ ಕಾರಣ.

1874ರ ಫೆಬ್ರವರಿ 13ರಂದು ಆ ಕಟ್ಟಡಕ್ಕೆ ಬೆಂಕಿ ಬಿದ್ದಿತು. ಮುಂಭಾಗದ ಕಂಬಗಳು ಉಳಿದುವು. ಅವು ಇಂದಿಗೂ ನಿಂತಿವೆ. ಒಳಗಿದ್ದ ಸಂಪತ್ತು ಬೂದಿಯಾಯಿತು. ಪ್ರಸಿದ್ಧ ಕಲಾಸಂಗ್ರಾಹಕ ಸರ್ ರಿಚರ್ಡ್ ವ್ಯಾಲೇಸ್ ಅಲ್ಲಿ ಇರಿಸಿದ್ದ ವಸ್ತುಗಳೂ ಹಾಳಾದುವು. ಗೋಡೆಗಳು ಎಷ್ಟು ಗಟ್ಟಿಯಾಗಿದ್ದರೇನು? ಅವುಗಳ ನಡುವೆ ಜನ ತಂದು ತುಂಬಿದ ಮರ, ಬಟ್ಟೆ, ಕಾಗದಗಳು ಉರಿಯದೆ ಬಿಟ್ಟಾವೆ? ಉಗ್ರಾಣದ ಅಪಾಯವಿರುವುದು ಗೋಡೆಯಲ್ಲಲ್ಲ, ಗಂಟುಮೂಟೆಯಲ್ಲಿ.

ಈ ಪಾಠವನ್ನು ಲೋಕ ಪೂರ್ತಿಯಾಗಿ ಕಲಿಯಿತೆಂದು ಹೇಳುವಂತಿಲ್ಲ. ಅದೇ ಲಂಡನ್ನಿನ ದಕ್ಷಿಣ ಭಾಗದ ಕ್ರಾಯ್ಡನ್‌ನಲ್ಲಿ 2018ರ ಡಿಸೆಂಬರ್ 31ರ ಸಂಜೆ, ಜನರೆಲ್ಲ ಹೊಸ ವರ್ಷವನ್ನು ಎದುರುಗೊಳ್ಳುವ ಸಡಗರದಲ್ಲಿದ್ದಾಗ, ಸಾಮಾನು ಇಡುವ ಬಾಡಿಗೆ ಕೋಣೆಗಳ ಕಟ್ಟಡವೊಂದು ಹೊತ್ತಿಕೊಂಡಿತು. ಅಲ್ಲಿ ಬಾಡಿಗೆಗೆ ಹೋಗಿದ್ದ ಕೋಣೆಗಳು 1,198. ಸುಮಾರು 120 ಮಂದಿ ಅಗ್ನಿಶಾಮಕರು ಹೋರಾಡಿದರೂ ಕಟ್ಟಡ ಉಳಿಯಲಿಲ್ಲ. ಬೆಂಕಿಯ ಕಾವಿಗೆ ತಾನಾಗಿ ನೀರು ಸುರಿಸುವ ಕೊಳವೆಯ ವ್ಯವಸ್ಥೆ ಅಲ್ಲಿರಲಿಲ್ಲ.

ಬಾಡಿಗೆಯ ಅಟ್ಟ

ಹಿಂದಿನ ಕಾಲದ ಮನೆಗಳಲ್ಲಿ ಅಟ್ಟವೆಂಬುದೊಂದಿತ್ತು. ತೊಟ್ಟಿಲು, ಹಿತ್ತಾಳೆಯ ಹಂಡೆ, ದಸರಾ ಗೊಂಬೆಗಳ ಪೆಟ್ಟಿಗೆ, ಮದುವೆಗೆ ಕೊಂಡ ದೊಡ್ಡ ಪಾತ್ರೆಗಳು, ಅಜ್ಜನ ಕಾಲದ ಪುಸ್ತಕಗಳು, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಅಟ್ಟವೆಲ್ಲಿಂದ ಬರಬೇಕು? ಮಗ ವಿದೇಶಕ್ಕೆ ಹೊರಟಾಗ, ಹಿರಿಯರು ಹಳೆಯ ಮನೆಯನ್ನು ಮಾರಿದಾಗ, ವರ್ಗವಾಗಿ ಬೇರೆ ಊರಿಗೆ ಹೋಗಬೇಕಾದಾಗ, ಬಿಸಾಡಲು ಮನಸ್ಸಾಗದ, ಇಟ್ಟುಕೊಳ್ಳಲು ಸ್ಥಳವಿಲ್ಲದ ಸಾಮಾನುಗಳ ರಾಶಿ ಉಳಿಯುತ್ತದೆ. ಆಗ ನೆರವಿಗೆ ಬರುವುದು ‘ಸೆಲ್ಫ್ ಸ್ಟೋರೇಜ್’. 1960ರ ದಶಕದಲ್ಲಿ ಅಮೆರಿಕದ ಟೆಕ್ಸಾಸಿನ ಕಡೆ ಬೆಳೆದ ಈ ಪದ್ಧತಿ ಈಗ ಬೆಂಗಳೂರು, ಮುಂಬಯಿಗಳಿಗೂ ಬಂದಿದೆ. ಕೋಣೆ ಬಾಡಿಗೆಯದು, ಬೀಗದ ಕೈ ಬಾಡಿಗೆದಾರನದು. ಒಳಗೇನಿದೆಯೆಂದು ಅವನ ಹೊರತು ಬೇರೆಯವರಿಗೆ ತಿಳಿಯದು.

ಅನುಕೂಲವೂ ಇಲ್ಲಿಯೇ, ಅಪಾಯವೂ ಇಲ್ಲಿಯೇ. ಒಂದು ಕೋಣೆಗೂ ಇನ್ನೊಂದಕ್ಕೂ ನಡುವೆ ಇರುವುದು ಬಹುಮಟ್ಟಿಗೆ ತೆಳುವಾದ ತಗಡಿನ ಗೋಡೆ. ಅದು ಕಳ್ಳನನ್ನು ತಡೆದೀತು. ಹೊಗೆಯನ್ನೂ ಕಾವನ್ನೂ ಹೆಚ್ಚು ಹೊತ್ತು ತಡೆಯಲಾರದು. ಹೀಗಾಗಿ ಒಬ್ಬ ಬಾಡಿಗೆದಾರನ ಸಾಮಾನಿನ ಕ್ಷೇಮವು ಅವನೆಂದೂ ಕಾಣದ ನೂರಾರು ನೆರೆಯವರ ವಿವೇಕವನ್ನು ಅವಲಂಬಿಸಿದೆ.

ಸಾಮಾನು ಮಾತ್ರವಲ್ಲ, ಪ್ರಾಣವೂ ಹಾಗೆಯೇ. 2014ರ ಫೆಬ್ರವರಿ 5ರಂದು ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ಕಾಗದಪತ್ರಗಳನ್ನು ಕಾಪಿಡುವ ಉಗ್ರಾಣವೊಂದಕ್ಕೆ ಬೆಂಕಿ ಬಿದ್ದಾಗ, ಅದನ್ನು ಆರಿಸಲು ಹೋದವರ ಮೇಲೆ ಗೋಡೆ ಕುಸಿಯಿತು. ಅಗ್ನಿಶಾಮಕರೂ ರಕ್ಷಣಾ ಕಾರ್ಯಕರ್ತರೂ ಸೇರಿ ಹತ್ತು ಮಂದಿ ಮಡಿದರು. ಉರಿಯುತ್ತಿದ್ದುದು ಬೇರೆಯವರ ಕಡತಗಳು; ಹೋದುದು ಇವರ ಪ್ರಾಣ.

ಯಾವುದನ್ನು ಒಯ್ಯಬಾರದು?

ಅಪಾಯದ ವಸ್ತುವೆಂದೊಡನೆ ಮದ್ದುಗುಂಡುಗಳೇ ನೆನಪಾಗುತ್ತವೆ. ಆದರೆ ಸಭ್ಯ ಗೃಹಸ್ಥರ ಮನೆಯಲ್ಲಿಯೇ ಇಂಥ ವಸ್ತುಗಳಿಗೆ ಕೊರತೆಯಿಲ್ಲ.

ಮೊದಲನೆಯದು ಅಡಿಗೆಯ ಗ್ಯಾಸಿನ ಸಿಲಿಂಡರು. ‘ಖಾಲಿಯಾಗಿದೆಯಲ್ಲ’ ಎಂಬ ಸಮಾಧಾನ ಸಲ್ಲದು. ಒಲೆ ಆರಿದ ಮೇಲೂ ಅದರಲ್ಲಿ ಸ್ವಲ್ಪ ಅನಿಲ ಉಳಿದಿರುತ್ತದೆ. ಈ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದ ಮೇಲೆಯೇ ಹರಡಿ, ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೂ ನುಗ್ಗುತ್ತದೆ. ಊರು ಬಿಡುವವರು ಸಿಲಿಂಡರನ್ನೂ ರೆಗ್ಯುಲೇಟರನ್ನೂ ಏಜೆನ್ಸಿಗೆ ಹಿಂದಿರುಗಿಸಿ ಚೀಟಿ ಪಡೆಯುವುದೇ ಕ್ರಮ.

ದೀಪಾವಳಿಯಲ್ಲಿ ಉಳಿದ ಪಟಾಕಿ, ಪೂಜೆಯ ಕರ್ಪೂರದ ಪೊಟ್ಟಣ, ಸೀಮೆಎಣ್ಣೆಯ ಡಬ್ಬ, ಬಣ್ಣ ಮತ್ತು ಟರ್ಪೆಂಟೈನ್ ಇವೂ ಅದೇ ಪಟ್ಟಿಗೆ ಸೇರಿದುವು. ಸ್ಕೂಟರನ್ನು ಇಡಲು ಅನುಮತಿಯಿದ್ದರೆ ಪೆಟ್ರೋಲನ್ನು ತೆಗೆಸಿ, ಬ್ಯಾಟರಿಯನ್ನು ಕಳಚಿಯೇ ಇಡಬೇಕು. ಮರಕ್ಕೆ ಅಗಸೆ ಎಣ್ಣೆಯ ಮೆರುಗು ಕೊಟ್ಟ ಬಟ್ಟೆಗಳನ್ನು ಮುದ್ದೆ ಮಾಡಿ ಇಟ್ಟರೆ, ಕಿಡಿಯ ಸೋಂಕೇ ಇಲ್ಲದೆ ಒಳಗೊಳಗೇ ಬಿಸಿಯೇರಿ ಹೊತ್ತಿಕೊಳ್ಳಬಹುದೆಂಬುದು ಅನೇಕರಿಗೆ ತಿಳಿಯದ ಸಂಗತಿ.

ಇತ್ತೀಚಿನ ದೊಡ್ಡ ಅಪಾಯ ಲಿಥಿಯಂ ಬ್ಯಾಟರಿ. ಹಳೆಯ ಮೊಬೈಲು, ಲ್ಯಾಪ್‌ಟಾಪು, ವಿದ್ಯುತ್ ಸ್ಕೂಟರು ಎಲ್ಲದರಲ್ಲಿಯೂ ಅದಿದೆ. ಪೆಟ್ಟು ಬಿದ್ದ ಅಥವಾ ಉಬ್ಬಿಕೊಂಡ ಬ್ಯಾಟರಿ ತಾನಾಗಿ ಕಾದು ಉರಿಯಬಲ್ಲದು. ವಿಷದ ಹೊಗೆ ಕಾರುತ್ತದೆ. ಆರಿತೆಂದುಕೊಂಡ ಮೇಲೂ ಮತ್ತೆ ಹೊತ್ತಿಕೊಳ್ಳುತ್ತದೆ.

ಇವೆಲ್ಲಕ್ಕಿಂತ ಗುಟ್ಟಾದ ಕೊಲೆಗಾರ ಬೇರೊಂದಿದೆ. ಹುಳು ಹಿಡಿಯದಿರಲೆಂದು ಕೆಲವರು ಧಾನ್ಯದಲ್ಲಿ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯು ಗಾಳಿಯ ತೇವ ತಾಗಿದೊಡನೆ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಅದಕ್ಕೆ ನೇರವಾದ ಪ್ರತಿವಿಷವಿಲ್ಲ. ಮುಚ್ಚಿದ ಕೋಣೆಯಲ್ಲಿ ಅದನ್ನು ಇಟ್ಟವನಷ್ಟೇ ಅಲ್ಲ, ಪಕ್ಕದ ಬಾಗಿಲು ತೆರೆದವನೂ ಪ್ರಾಣಕ್ಕೆ ಎರವಾಗಬಹುದು. ಅಕ್ಕಿ ಬೇಳೆಗಳನ್ನೇ ಅಲ್ಲಿಗೆ ಒಯ್ಯದಿದ್ದರೆ ಈ ತಾಪತ್ರಯವೇ ಇಲ್ಲ.

ಮೇಲಿನ ಹದಿನೆಂಟು ಅಂಗುಲ

ಒಳ್ಳೆಯ ಉಗ್ರಾಣಗಳ ಚಾವಣಿಯಲ್ಲಿ ಅಲ್ಲಲ್ಲಿ ನೀರಿನ ಕೊಳವೆಯ ತುದಿಗಳು ಕಾಣುತ್ತವೆ. ಪ್ರತಿಯೊಂದರ ಬಾಯಲ್ಲಿಯೂ ದ್ರವ ತುಂಬಿದ ಪುಟ್ಟ ಗಾಜಿನ ಗುಳಿಗೆ. ಸಾಮಾನ್ಯವಾಗಿ ಬಳಸುವ ಕೆಂಪು ಗುಳಿಗೆಯು 68 ಡಿಗ್ರಿ ಸೆಲ್ಸಿಯಸ್ ಕಾವಿಗೆ ಒಡೆದು ನೀರಿಗೆ ದಾರಿ ಬಿಡುತ್ತದೆ. ಎಲ್ಲ ಕೊಳವೆಗಳೂ ಒಮ್ಮೆಗೇ ಸುರಿಯುವುದಿಲ್ಲ. ಕಾವು ತಟ್ಟಿದುದು ಮಾತ್ರ ತೆರೆಯುತ್ತದೆ. ಸಣ್ಣ ಬೆಂಕಿಯನ್ನು ದೊಡ್ಡದಾಗಗೊಡದ ಈ ಯುಕ್ತಿ ಫಲಿಸಬೇಕಾದರೆ ನೀರು ಹರಡಲು ಎಡೆಯಿರಬೇಕು. ಕೊಳವೆಯ ಬಾಯಿಗೂ ಸಾಮಾನಿನ ನೆತ್ತಿಗೂ ನಡುವೆ ಕನಿಷ್ಠ ಹದಿನೆಂಟು ಅಂಗುಲ, ಎಂದರೆ ಸುಮಾರು 45 ಸೆಂಟಿಮೀಟರ್ ಬರಿದಾಗಿರಬೇಕೆಂಬ ನಿಯಮ ಇದಕ್ಕಾಗಿಯೇ. ಆ ಜಾಗಕ್ಕೂ ಬಾಡಿಗೆ ಕೊಟ್ಟಿದ್ದೇವೆಂದು ಚಾವಣಿಯವರೆಗೆ ತುಂಬುವವರು ತಮ್ಮ ನೀರನ್ನು ತಾವೇ ತಡೆದಂತೆ.

ಓಣಿಗಳಲ್ಲಿ ‘ಒಂದು ದಿನದ ಮಟ್ಟಿಗೆ’ ಇಟ್ಟ ಮಂಚವೂ ಹೊಗೆ ತುಂಬಿದ ಕತ್ತಲೆಯಲ್ಲಿ ಓಡುವವನ ಕಾಲಿಗೆ ತೊಡರಾದೀತು. ಬೆಂಕಿ ಕಂಡರೆ ತನ್ನ ಕೋಣೆಯತ್ತ ಓಡದೆ ಹೊರಬಾಗಿಲತ್ತ ಓಡಬೇಕು. ಲಿಫ್ಟ್ ಹತ್ತದೆ ಮೆಟ್ಟಿಲಿಳಿದು, ಆ ಬಳಿಕ 101 ಅಥವಾ 112ಕ್ಕೆ ಕರೆ ಮಾಡಬೇಕು.

ಬೆಂಕಿಯಿಲ್ಲದ ಕೇಡುಗಳು

ಮೈಗೆ ಆಗುವ ಕೇಡು ಬೆಂಕಿಯಿಂದಲೇ ಆಗಬೇಕೆಂದಿಲ್ಲ. ಪುಸ್ತಕದ ಪೆಟ್ಟಿಗೆ ಚಿಕ್ಕದಾಗಿರಲಿ. ದೊಡ್ಡ ಪೆಟ್ಟಿಗೆ ತುಂಬ ಪುಸ್ತಕ ತುಂಬಿದರೆ ಸೊಂಟದ ಗತಿ ಹೇಳತೀರದು. ಸೊಂಟ ಬಗ್ಗಿಸದೆ ಮಂಡಿ ಮಡಿಸಿ, ಭಾರವನ್ನು ಎದೆಗೆ ಹತ್ತಿರ ಹಿಡಿದು ಏಳಬೇಕು. ಭಾರವಾದುದು ಕೆಳಗೆ, ಹಗುರವಾದುದು ಮೇಲೆ. ಉಕ್ಕಿನ ಬೀರುವನ್ನು ಒಬ್ಬರೇ ಸರಿಸುವ ಸಾಹಸ ಬೇಡ. ಮೇಲಕ್ಕೆ ಸುತ್ತಿಕೊಳ್ಳುವ ಬಾಗಿಲನ್ನು ಪೂರ್ತಿಯಾಗಿ ಎತ್ತಿದ ಹೊರತು ಅದರಡಿ ನುಸುಳಬಾರದು, ಮಕ್ಕಳನ್ನು ಅಲ್ಲಿ ಆಡಗೊಡಬಾರದು.

ಮಳೆಗಾಲದಲ್ಲಿ ತೇವ ಹಿಡಿದ ಕೋಣೆಯಲ್ಲಿ ಹಾಸಿಗೆ, ಬಟ್ಟೆಗಳಿಗೆ ಬೂಷ್ಟು ಬರುತ್ತದೆ; ಉಬ್ಬಸವಿರುವವರಿಗೆ ಅದರ ಧೂಳು ಶತ್ರು. ಒಗೆದು ಚೆನ್ನಾಗಿ ಒಣಗಿಸಿದುದನ್ನೇ ಇಡಬೇಕು. ಕೆಳಗೆ ಹಲಗೆ ಹಾಕಿ, ಗೋಡೆಯಿಂದ ತುಸು ದೂರ ಇರಿಸಿದರೆ ಗಾಳಿಯಾಡುತ್ತದೆ. ಇಲಿಗಳ ಮೂತ್ರದಿಂದ ಇಲಿಜ್ವರ ಹರಡುವುದುಂಟು. ಹಿಕ್ಕೆ ಕಂಡಲ್ಲಿ ಒಣಗುಡಿಸದೆ, ಬ್ಲೀಚಿಂಗ್ ನೀರು ಚಿಮುಕಿಸಿ, ಕೈಗವುಸು ತೊಟ್ಟು ಒರೆಸುವುದು ಒಳ್ಳೆಯದು.

ಮನೆ ಸಿಗುವವರೆಗೆ ಅಲ್ಲಿಯೇ ರಾತ್ರಿ ಕಳೆಯೋಣವೆಂಬ ಯೋಚನೆ ಮಾತ್ರ ಎಂದಿಗೂ ಕೂಡದು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಇದ್ದಿಲ ಒಲೆ ಹೊತ್ತಿಸಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿಯೇ ಕೊಲ್ಲುತ್ತದೆ.

ಸಹಿ ಹಾಕುವ ಮುನ್ನ

ಬಾಡಿಗೆ ಎಷ್ಟೆಂದು ಕೇಳುವವರು ಇನ್ನೂ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಹೊರಹೋಗುವ ಬಾಗಿಲುಗಳು ಎಷ್ಟು, ಅವು ಬೀಗವಿಲ್ಲದೆ ತೆರೆಯುತ್ತವೆಯೇ? ಹೊಗೆ ಕಂಡರೆ ಕೂಗುವ ಗಂಟೆಯೂ ನೀರಿನ ಕೊಳವೆಯೂ ಇವೆಯೇ? ಬೆಂಕಿ ಆರಿಸುವ ಸಿಲಿಂಡರುಗಳನ್ನು ಕಡೆಯ ಬಾರಿ ಪರೀಕ್ಷಿಸಿದುದು ಯಾವಾಗ? ನಷ್ಟವಾದರೆ ವಿಮೆ ಯಾರದು? ಇಡಬಾರದ ವಸ್ತುಗಳ ಪಟ್ಟಿ ಕರಾರಿನಲ್ಲಿ ಇದ್ದೇ ಇರುತ್ತದೆ. ಓದದೆ ಸಹಿ ಹಾಕುವವರೇ ಹೆಚ್ಚು. ಪಟ್ಟಿಯನ್ನು ಓದಿಸಿ, ವಿವರಿಸಿ, ಕೊಂಡುತಂದ ಸಾಮಾನನ್ನು ವಿಚಾರಿಸುವ ವ್ಯವಸ್ಥಾಪಕನನ್ನು ಕಂಡರೆ ಸಿಡುಕಬಾರದು. ಅಲ್ಲಿಯೇ ಬಾಡಿಗೆ ಹಿಡಿಯಬೇಕು.

ಬೆಂಕಿ ಬಿದ್ದಾಗ ಬಾವಿ ತೋಡುವುದು ತರವಲ್ಲವೆಂದು ಹಿರಿಯರು ಹೇಳಿದ್ದಾರೆ. ಕ್ರಾಯ್ಡನ್‌ನ ಆ ಕೋಣೆಗಳಲ್ಲಿ ಹೋದುದೆಲ್ಲ ಬೆಲೆ ಕಟ್ಟಬಹುದಾದ ಸರಕಲ್ಲ. ತೀರಿಕೊಂಡವರ ಭಾವಚಿತ್ರಗಳೂ ಮಕ್ಕಳ ಮೊದಲ ಉಡುಪುಗಳೂ ಅಲ್ಲಿದ್ದುವು. ಅಂಥವುಗಳಿಗೆ ವಿಮೆಯಿಲ್ಲ. ‘ಖಾಲಿ ಸಿಲಿಂಡರು ತಾನೆ’ ಎಂದು ಒಳಗಿಟ್ಟು ಬೀಗ ಹಾಕುವ ಮುನ್ನ ಪ್ರತಿಯೊಬ್ಬರೂ ಒಂದು ಗಳಿಗೆ ನೆನೆಯಬೇಕಾದುದು, ತಗಡಿನ ಗೋಡೆಯ ಆಚೆ ಯಾರದೋ ತಾಯಿಯ ಮದುವೆಯ ಸೀರೆ ಇರಬಹುದೆಂಬುದನ್ನು.