ವೃದ್ಧರ ಹೆಜ್ಜೆಯೂ ಊರಿನ ರಸ್ತೆಯೂ

ವಿಜಯಪುರದ ರೈಲು ನಿಲ್ದಾಣದಿಂದ ಸ್ಟೇಷನ್ ರಸ್ತೆಯನ್ನು ಹಿಡಿದು ಊರೊಳಕ್ಕೆ ಬರುವವರು ಗೋಳಗುಮ್ಮಟದ ಮುಂದೆ ಹಾದೇ ಬರಬೇಕು. 1656ರಲ್ಲಿ ಪೂರ್ಣಗೊಂಡ ಈ ಸ್ಮಾರಕವು ಮಹಮ್ಮದ್ ಆದಿಲ್ ಶಾಹನ ಸಮಾಧಿ. ಇದರ ಗುಮ್ಮಟದ ಒಳಸುತ್ತಿನಲ್ಲಿ ಪ್ರಸಿದ್ಧವಾದ ಪಿಸುಮಾತಿನ ಗ್ಯಾಲರಿಯಿದೆ. ಒಬ್ಬನು ಗೋಡೆಯ ಬಳಿ ಬಾಯಿಟ್ಟು ಪಿಸುಗುಟ್ಟಿದರೆ, ಸುಮಾರು 38 ಮೀಟರ್ ದೂರದಲ್ಲಿ, ಎದುರು ಬದಿಯ ಗೋಡೆಗೆ ಕಿವಿಯಿಟ್ಟವನಿಗೆ ಅದು ಸ್ಪಷ್ಟವಾಗಿ ಕೇಳಿಸುವುದು. ಪಿಸುಗುಟ್ಟಿದವನ ದನಿ ದೊಡ್ಡದಲ್ಲ. ಕೇಳಿದವನ ಕಿವಿಯೂ ಅಸಾಧಾರಣವಾದುದಲ್ಲ. ಶಬ್ದದ ಅಲೆಗಳು ಚದುರಿಹೋಗದೆ ಬಾಗಿದ ಗೋಡೆಯನ್ನು ಅನುಸರಿಸಿ ಸಾಗುವುದೇ ಇದಕ್ಕೆ ಕಾರಣ. ಸಾಮಾನ್ಯ ದನಿಗೂ ಸಾಮಾನ್ಯ ಕಿವಿಗೂ ನಡುವೆ ನಿಂತ ಕಟ್ಟಡವೇ ಇಲ್ಲಿ ಕೆಲಸ ಮಾಡಿದೆ.

ಇದರಿಂದ ನಾವು ಕಲಿಯಬೇಕಾದ ಪಾಠ ಒಂದುಂಟು. ಮನುಷ್ಯನು ಏನನ್ನು ಮಾಡಬಲ್ಲನೆಂಬುದನ್ನು ಅವನ ದೇಹವೊಂದೇ ನಿರ್ಧರಿಸುವುದಿಲ್ಲ. ಅವನು ನಿಂತ ಸ್ಥಳವೂ ನಿರ್ಧರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಮುಪ್ಪನ್ನು ಕುರಿತು ಹೊರತಂದ ವರದಿಯ ತಿರುಳೂ ಇದೇ. ಒಬ್ಬ ವೃದ್ಧನ ನಿಜವಾದ ಸಾಮರ್ಥ್ಯವೆಂದರೆ ಅವನ ದೇಹ ಮತ್ತು ಮನಸ್ಸುಗಳ ಶಕ್ತಿ, ಅವನ ಸುತ್ತಲಿನ ಪರಿಸರ, ಇವೆರಡರ ಕೂಡುವಿಕೆ ಎಂದು ಅದು ಹೇಳಿತು.

ಈ ವಿಚಾರ ನಮಗೆ ಏಕೆ ಮುಖ್ಯವೆಂದು ವಿದ್ಯಾರ್ಥಿಗಳು ಕೇಳಬಹುದು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರುವತ್ತು ವರ್ಷ ತುಂಬಿದವರ ಸಂಖ್ಯೆ ಸುಮಾರು 10.4 ಕೋಟಿ, ಎಂದರೆ ನೂರಕ್ಕೆ ಎಂಟೂವರೆಗಿಂತ ತುಸು ಹೆಚ್ಚು. 2050ರ ವೇಳೆಗೆ ಅದು 34 ಕೋಟಿಯನ್ನು ಮೀರಿ, ಐವರಲ್ಲಿ ಒಬ್ಬರು ಈ ವಯಸ್ಸಿನವರಾಗುವರೆಂದು ಅಂದಾಜು ಮಾಡಲಾಗಿದೆ. ಇಂದು ಕಾಲೇಜಿನ ಬೆಂಚಿನ ಮೇಲೆ ಕುಳಿತವರು ಆಗ ನಡುವಯಸ್ಸಿನವರಾಗಿರುವರು. ಮುಂದೆ ಎರಡು ದಶಕಗಳೊಳಗೆ ತಾವೇ ಆ ಗುಂಪನ್ನು ಸೇರುವರು. ನಾವು ಇಂದು ಕಟ್ಟುವ ಮೆಟ್ಟಿಲುಗಳನ್ನು ನಾಳೆ ಹತ್ತಬೇಕಾದವರು ನಾವೇ.

ಈಗ ಒಂದು ಪ್ರಯಾಣವನ್ನು ಕಲ್ಪಿಸಿಕೊಳ್ಳೋಣ. ತಿಕೋಟಾದ ಎಪ್ಪತ್ತೆರಡು ವರ್ಷದ ಮುತ್ಯಾ ಒಬ್ಬನು ಸೊಲ್ಲಾಪುರದಲ್ಲಿರುವ ಮಗಳನ್ನು ನೋಡಲು ಹೊರಟಿದ್ದಾನೆ. ಬಸ್ಸಿನಲ್ಲಿ ವಿಜಯಪುರಕ್ಕೆ ಬಂದು, ಸ್ಟೇಷನ್ ರಸ್ತೆಯಲ್ಲಿ ನಡೆದು, ರೈಲು ಹಿಡಿಯಬೇಕು. ಅವನಿಗೆ ರೋಗವೇನೂ ಇಲ್ಲ. ಇರುವುದು ವಯಸ್ಸು ಮಾತ್ರ. ದಾರಿಯಲ್ಲಿ ಅವನಿಗೆ ಎದುರಾಗುವ ಅಡೆತಡೆಗಳನ್ನು ಒಂದೊಂದಾಗಿ ಅಳೆದು ನೋಡೋಣ.

ಮೊದಲನೆಯದು ರಸ್ತೆಯನ್ನು ದಾಟುವುದು. ದಾರಿದೀಪಗಳ ಸಂಕೇತವನ್ನು ಏರ್ಪಡಿಸುವ ಎಂಜಿನಿಯರುಗಳು, ಪಾದಚಾರಿಯು ಸೆಕೆಂಡಿಗೆ 1.2 ಮೀಟರ್ ನಡೆಯುವನೆಂದು ಬಹುಕಾಲದಿಂದ ಲೆಕ್ಕ ಹಿಡಿಯುತ್ತ ಬಂದಿದ್ದಾರೆ. ಆದರೆ ಇಂಗ್ಲೆಂಡಿನಲ್ಲಿ ಅರುವತ್ತೈದು ದಾಟಿದವರ ನಡಿಗೆಯನ್ನು ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಸರ ಸರಾಸರಿ ವೇಗ 0.9 ಮೀಟರ್, ಹೆಂಗಸರದು 0.8 ಮೀಟರ್ ಮಾತ್ರ ಎಂದು ಕಂಡುಬಂತು. ರಸ್ತೆಯ ಅಗಲ 12 ಮೀಟರ್ ಎಂದು ಇಟ್ಟುಕೊಂಡರೆ, ಎಂಜಿನಿಯರನ ಲೆಕ್ಕದಂತೆ ಹತ್ತು ಸೆಕೆಂಡು ಸಾಕು. ಸೆಕೆಂಡಿಗೆ 0.8 ಮೀಟರ್ ನಡೆಯುವವರಿಗೆ ಹದಿನೈದು ಬೇಕು. ಹತ್ತನೆಯ ಸೆಕೆಂಡಿನಲ್ಲಿ ವಾಹನಗಳು ಹೊರಟಾಗ ಅವರು ಇನ್ನೂ ರಸ್ತೆಯ ಮೇಲೆಯೇ ಇರುವರು. ಎದುರು ಅಂಚು ನಾಲ್ಕು ಮೀಟರ್ ದೂರವಿರುವುದು. ಸಿಂಗಪುರದಲ್ಲಿ 2009ರಿಂದ ಇದಕ್ಕೆ ಒಂದು ಸರಳ ಪರಿಹಾರವಿದೆ. ಹಿರಿಯರು ತಮ್ಮ ಕಾರ್ಡನ್ನು ಸಂಕೇತಕಂಬದ ಪೆಟ್ಟಿಗೆಗೆ ತಗಲಿಸಿದರೆ ಹಸಿರು ದೀಪವು ಇನ್ನೂ ಕೆಲವು ಸೆಕೆಂಡುಗಳ ಕಾಲ ಉರಿಯುವುದು.

ಎರಡನೆಯದು ಬೆಳಕು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ. ಮಸೂರವು ಹಳದಿಗೆ ತಿರುಗಿ ದಪ್ಪವಾಗುತ್ತದೆ. ಇದರಿಂದ ಅರುವತ್ತರವರ ಅಕ್ಷಿಪಟಲಕ್ಕೆ ಇಪ್ಪತ್ತರ ತರುಣನಿಗೆ ದೊರೆಯುವ ಬೆಳಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ ತಲುಪುವುದು. ಮುಸ್ಸಂಜೆಯಲ್ಲಿ ನಮಗೆ ಸ್ಪಷ್ಟವಾಗಿ ಕಾಣುವ ಕಲ್ಲುಮೆಟ್ಟಿಲು ಮುತ್ಯಾನಿಗೆ ಒಂದೇ ಬಣ್ಣದ ಇಳಿಜಾರಿನಂತೆ ತೋರುವುದು. ಮೆಟ್ಟಿಲಿನ ಅಂಚಿಗೆ ಒಂದು ಹಳದಿ ಪಟ್ಟೆ ಬಳಿದರೆ ಆ ಅಂಚು ಅವನಿಗೆ ಮತ್ತೆ ಗೋಚರವಾಗುವುದು.

ಮೂರನೆಯದು ಕಿವಿ. ಒಳಗಿವಿಯಲ್ಲಿ ಶಂಖದಂತೆ ಸುರುಳಿಗೊಂಡ ಒಂದು ನಾಳವಿದೆ. ಅದರೊಳಗಿನ ಸೂಕ್ಷ್ಮ ರೋಮಕೋಶಗಳು ಶಬ್ದವನ್ನು ಗ್ರಹಿಸುತ್ತವೆ. ಕೀರಲು ಶಬ್ದಗಳನ್ನು, ಎಂದರೆ ಹೆಚ್ಚಿನ ಕಂಪನಸಂಖ್ಯೆಯ ಶಬ್ದಗಳನ್ನು, ಹಿಡಿಯುವ ಕೋಶಗಳು ಸಾಮಾನ್ಯವಾಗಿ ಮೊದಲು ಅಳಿಯುತ್ತವೆ. ಅಳಿದವು ಮನುಷ್ಯನಲ್ಲಿ ಮರಳಿ ಹುಟ್ಟುವುದಿಲ್ಲ. ಮಾತಿನಲ್ಲಿ ಸ್ವರಗಳ ಬಲವಿರುವುದು ಕೆಳಗಿನ ಕಂಪನಗಳಲ್ಲಿ. ಹಲವು ವ್ಯಂಜನಗಳ ಗುರುತಿರುವುದು ಮೇಲಿನ ಕಂಪನಗಳಲ್ಲಿ. ಕಾಲು, ಪಾಲು, ಸಾಲು, ಹಾಲು ಎಂಬ ಪದಗಳನ್ನು ಗಮನಿಸಿರಿ. ಇವುಗಳಲ್ಲಿ ಬೇರೆಯಾಗಿರುವುದು ಮೊದಲ ವ್ಯಂಜನವೊಂದೇ. ಮುತ್ಯಾನಿಗೆ ಯಾರೋ ಮಾತನಾಡಿದ್ದು ಕೇಳಿಸುತ್ತದೆ, ಆದರೆ ಏನೆಂದರೆಂಬುದು ತಿಳಿಯದು. ನಾವು ಕಿರುಚಿದರೆ ಬಹುಮಟ್ಟಿಗೆ ಸ್ವರಗಳೇ ದೊಡ್ಡವಾಗುವುವು, ವ್ಯಂಜನಗಳು ಸ್ಪಷ್ಟವಾಗವು. ಎದುರಿಗೆ ನಿಂತು, ತುಟಿ ಕಾಣುವಂತೆ, ನಿಧಾನವಾಗಿ ಮಾತನಾಡುವುದೇ ಸರಿಯಾದ ಕ್ರಮ. ಗೋಡೆಗಳಿಂದ ಹಿಂದಿರುಗಿದ ಶಬ್ದವು ಮೂಲಶಬ್ದದೊಡನೆ ಬೆರೆತು ಮಾತು ಕಲಸಿಹೋಗುವ ದೊಡ್ಡ ಹಜಾರಗಳಲ್ಲಿ ಕಷ್ಟವು ಇಮ್ಮಡಿಯಾಗುವುದು. ಗೋಳಗುಮ್ಮಟದಲ್ಲಿ ಪಿಸುಮಾತನ್ನು ಸಾಗಿಸಿದ ಪ್ರತಿಫಲನವೇ, ಹಲವರು ಒಟ್ಟಿಗೆ ಕೂಗಿದಾಗ ಅಲ್ಲಿ ಗದ್ದಲವನ್ನುಂಟುಮಾಡುವುದನ್ನು ನೋಡಿದವರೆಲ್ಲ ಬಲ್ಲರು. ಆದುದರಿಂದ ರೈಲಿನ ಘೋಷಣೆಯೊಂದಿಗೆ ದೊಡ್ಡ ಅಕ್ಷರದ ಫಲಕವೂ ಇರಬೇಕಾದುದು ಅವಶ್ಯ.

ನಾಲ್ಕನೆಯದನ್ನು ಹೇಳಲು ಹಿರಿಯರು ಸಂಕೋಚಪಡುತ್ತಾರೆ. ಮುಪ್ಪಿನಲ್ಲಿ ಮೂತ್ರವನ್ನು ತಡೆದಿಡುವ ಶಕ್ತಿ ತಗ್ಗುವುದು. ಶೌಚಾಲಯ ಎಲ್ಲಿದೆಯೆಂದು ತಿಳಿಯದ ದಾರಿಯಲ್ಲಿ ಹೊರಡುವವರು ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಡುವರು. ವಯಸ್ಸಿನೊಡನೆ ಬಾಯಾರಿಕೆಯ ಅರಿವೂ ಕುಗ್ಗಿರುವುದು. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ತಲುಪುವ ವಿಜಯಪುರದ ಬಿಸಿಲಿನಲ್ಲಿ ಇದು ಪ್ರಾಣಾಪಾಯಕ್ಕೂ ಎಡೆಗೊಡಬಹುದು. ಒಂದು ಶುಚಿಯಾದ ಶೌಚಾಲಯ, ಒಂದು ಕುಡಿಯುವ ನೀರಿನ ನಲ್ಲಿ, ನೆರಳಿನಲ್ಲಿ ಒಂದು ಕಲ್ಲಿನ ಕಟ್ಟೆ, ಇಷ್ಟಿದ್ದರೆ ಹಿರಿಯರು ಹೊರಡಲು ಹೆದರರು.

ಇನ್ನು ಐದನೆಯದು. ಇದು ರಸ್ತೆಯ ಮೇಲಿಲ್ಲ, ಮನೆಯೊಳಗಿದೆ. ಇಷ್ಟೆಲ್ಲ ತೊಂದರೆಯನ್ನು ಕಂಡ ಮೊಮ್ಮಗಳು ಪ್ರೀತಿಯಿಂದಲೇ ಹೇಳುವಳು: “ಮುತ್ಯಾ, ನೀ ಮನ್ಯಾಗ ಕುಂದ್ರು, ನಾ ಹೋಗಿ ಬರತೀನಿ.” ಈ ಮಾತಿನಲ್ಲಿ ಅಕ್ಕರೆಯಿದೆ, ಅಪಾಯವೂ ಇದೆ. ಆರೋಗ್ಯವಂತರಾದ ಕೆಲವು ವೃದ್ಧರನ್ನು ಹತ್ತು ದಿನ ಹಾಸಿಗೆಯಲ್ಲಿಯೇ ಇರಿಸಿ ನಡೆಸಿದ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ಆ ಅಲ್ಪಾವಧಿಯಲ್ಲಿಯೇ ಅವರ ಕಾಲುಗಳಿಂದ ಸರಾಸರಿ ಒಂದು ಕಿಲೋಗ್ರಾಮಿನಷ್ಟು ಕೊಬ್ಬಿಲ್ಲದ ಅಂಗಾಂಶವು ಕರಗಿತ್ತು. ಅದರಲ್ಲಿ ಬಹುಪಾಲು ಸ್ನಾಯುವೇ. ಮನೆಯಲ್ಲಿ ಕುಳಿತಿರುವುದು ಹಾಸಿಗೆ ಹಿಡಿದಂತಲ್ಲ, ನಿಜ. ಆದರೆ ದಿಕ್ಕು ಒಂದೇ. ರಸ್ತೆ ದಾಟಲಾಗದೆಂದು ಮನೆಯಲ್ಲಿ ಕುಳಿತರೆ ಕಾಲು ಸೊರಗುತ್ತದೆ. ಕಾಲು ಸೊರಗಿದುದರಿಂದ ರಸ್ತೆ ಮತ್ತಷ್ಟು ಅಗಲವಾಗುತ್ತದೆ. ಕೇಳಿಸದೆಂದು ಕಟ್ಟೆಯ ಹರಟೆಯನ್ನು ಬಿಟ್ಟರೆ ಮಾತಿನ ರೂಢಿ ತಪ್ಪುತ್ತದೆ. ಮರೆಗುಳಿತನವನ್ನು ತರಬಲ್ಲ, ಆದರೆ ತಗ್ಗಿಸಲು ಸಾಧ್ಯವಾದ ಹದಿನಾಲ್ಕು ಕಾರಣಗಳನ್ನು 2024ರಲ್ಲಿ ವೈದ್ಯವಿಜ್ಞಾನಿಗಳ ಸಮಿತಿಯೊಂದು ಪಟ್ಟಿಮಾಡಿತು. ಕಿವುಡೂ ಒಂಟಿತನವೂ ಅದರಲ್ಲಿ ಸೇರಿವೆ.

ಈ ಸುಳಿಯನ್ನು ಹಿಂದಕ್ಕೂ ತಿರುಗಿಸಬಹುದು ಎಂಬುದು ಸಂತೋಷದ ಸಂಗತಿ. 1990ರಲ್ಲಿ ಅಮೆರಿಕದ ವೈದ್ಯರು ವೃದ್ಧಾಶ್ರಮವೊಂದರ, ತೊಂಬತ್ತರ ಆಸುಪಾಸಿನ ಕೆಲವರಿಗೆ ಎಂಟು ವಾರ ಭಾರ ಎತ್ತುವ ಕಾಲಿನ ವ್ಯಾಯಾಮ ಮಾಡಿಸಿದ ವರದಿಯನ್ನು ಪ್ರಕಟಿಸಿದರು. ಅವರ ಕಾಲಿನ ಬಲವು ಸರಾಸರಿ ಎರಡೂವರೆ ಪಟ್ಟನ್ನು ಮೀರಿ ಹೆಚ್ಚಿತ್ತು. ನಡಿಗೆಯ ವೇಗವೂ ಏರಿತ್ತು. ಮುಪ್ಪಿನ ಸ್ನಾಯುವಿಗೂ ಕಲಿಯುವ ಶಕ್ತಿಯಿದೆ. ಅದಕ್ಕೆ ಬೇಕಾದುದು ಕೆಲಸ. ಜನರ ಒಡನಾಟವೂ ಹಾಗೆಯೇ ಹಿತಕಾರಿ. 148 ಅಧ್ಯಯನಗಳನ್ನೂ ಮೂರು ಲಕ್ಷಕ್ಕೂ ಹೆಚ್ಚು ಜನರನ್ನೂ ಒಳಗೊಂಡ 2010ರ ಪರಿಶೀಲನೆಯೊಂದರಲ್ಲಿ, ಬಂಧುಮಿತ್ರರ ಸಂಬಂಧ ಗಟ್ಟಿಯಾಗಿರುವವರು ಬದುಕುಳಿಯುವ ಸಂಭವವು ಇತರರಿಗಿಂತ ಒಂದೂವರೆ ಪಟ್ಟು ಎಂದು ಕಂಡುಬಂತು.

ಹಾಗಾದರೆ ಊರನ್ನು ತಿದ್ದುವ ಬಗೆ ಹೇಗೆ? ಮೊದಲು ಹಿರಿಯರನ್ನೇ ಕೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಹಿರಿಯರಿಗೆ ಒಪ್ಪುವ ನಗರವನ್ನು ಕುರಿತ ಕೈಪಿಡಿಯನ್ನು ಸಿದ್ಧಪಡಿಸಿದಾಗ ಅನುಸರಿಸಿದ್ದು ಈ ಕ್ರಮವನ್ನೇ. ದೆಹಲಿ, ಉದಯಪುರಗಳೂ ಸೇರಿ 33 ನಗರಗಳಲ್ಲಿ ವೃದ್ಧರನ್ನು ಕೂಡಿಸಿ ಅವರ ಮಾತನ್ನು ಕೇಳಲಾಯಿತು. ಅವರ ಮಾತಿನಿಂದ ಹೊರಟ ಎಂಟು ವಿಷಯಗಳಲ್ಲಿ ಬಯಲು ಮತ್ತು ಕಟ್ಟಡ, ಸಂಚಾರ, ವಸತಿ, ಆರೋಗ್ಯಸೇವೆಗಳಿದ್ದಂತೆ, ಸಮಾಜದಲ್ಲಿ ಭಾಗವಹಿಸುವುದು, ಗೌರವ, ಉದ್ಯೋಗ, ಸುದ್ದಿ ಸಮಾಚಾರ ಇವೂ ಇದ್ದವು. ಅವರು ಕೇಳಿದ್ದು ಆರೈಕೆಯನ್ನು ಮಾತ್ರವಲ್ಲ, ಊರಿನ ಕೆಲಸದಲ್ಲಿ ಒಂದು ಪಾಲನ್ನು.

ಆ ಪಾಲು ಊರಿಗೂ ಬೇಕು. ಬಬಲೇಶ್ವರದ ಎರೆಹೊಲದಲ್ಲಿ ಹಿಂಗಾರಿ ಜೋಳವನ್ನು ಯಾವ ಹದದಲ್ಲಿ ಬಿತ್ತಬೇಕು, 1972ರ ಬರದಲ್ಲಿ ಯಾವ ಬಾವಿ ಬತ್ತಲಿಲ್ಲ, ಇಂಥ ಪ್ರಶ್ನೆಗಳಿಗೆ ಕಂಡುಂಡವರು ಕೊಡುವ ಉತ್ತರ ಪುಸ್ತಕಗಳಲ್ಲಿ ಸಿಕ್ಕುವುದು ದುರ್ಲಭ. ಮುತ್ಯಾನು ಮನೆಯಿಂದ ಹೊರಬೀಳದ ದಿನ ಊರು ಆ ಉತ್ತರಗಳನ್ನೂ ಕಳೆದುಕೊಳ್ಳುವುದು.

ವಿದ್ಯಾರ್ಥಿಗಳೇ, ಈ ವಿಷಯದಲ್ಲಿ ನೀವೇ ಮಾಡಬಹುದಾದ ಒಂದು ಪ್ರಯೋಗವನ್ನು ಸೂಚಿಸಿ ಮುಗಿಸುತ್ತೇನೆ. ಬೇಕಾಗುವ ಉಪಕರಣಗಳು ಒಂದು ಗಡಿಯಾರ ಮತ್ತು ಒಂದು ಅಳತೆಪಟ್ಟಿ. ನಿಮ್ಮ ಮನೆಯ ಮುತ್ಯಾನನ್ನೋ ಅಜ್ಜಿಯನ್ನೋ ಜೊತೆಗೆ ಕರೆದುಕೊಂಡು ಬೆಳಗಿನ ತಂಪಿನಲ್ಲಿ ಸ್ಟೇಷನ್ ರಸ್ತೆಗೆ ಹೋಗಿರಿ. ಬೇರೆ ಊರಿನವರು ನಿಮ್ಮ ಊರಿನ ರಸ್ತೆಗೆ ಹೋಗಿರಿ. ಬದಿಯ ಸಮನೆಲದಲ್ಲಿ ಹತ್ತು ಮೀಟರ್ ಅಳೆದು, ಅವರು ಅದನ್ನು ನಡೆಯಲು ಎಷ್ಟು ಸೆಕೆಂಡು ಹಿಡಿಯುವುದೆಂದು ಬರೆದುಕೊಳ್ಳಿರಿ. ರಸ್ತೆಯ ಅಗಲಕ್ಕೆ ಎಷ್ಟು ಹಿಡಿದೀತೆಂದು ಲೆಕ್ಕ ಮಾಡಿರಿ. ಮೆಟ್ಟಿಲುಗಳ ಎತ್ತರ, ಒಂದು ಕುಳಿತುಕೊಳ್ಳುವ ತಾಣದಿಂದ ಮತ್ತೊಂದಕ್ಕಿರುವ ದೂರ, ನಲ್ಲಿ ಮತ್ತು ಶೌಚಾಲಯಗಳಿರುವ ಸ್ಥಳ, ಇವನ್ನೆಲ್ಲ ಒಂದು ನಕ್ಷೆಯಲ್ಲಿ ಗುರುತಿಸಿರಿ. ಆ ನಕ್ಷೆಯನ್ನು ನಗರಪಾಲಿಕೆಗೆ ಒಯ್ದು ಕೊಡಿರಿ. ಒಯ್ಯುವಾಗ ನಿಮ್ಮೊಡನೆ ನಡೆದ ಹಿರಿಯರನ್ನೂ ಕರೆದೊಯ್ಯಿರಿ. ಲೆಕ್ಕವನ್ನು ನೀವು ಹೇಳಬಹುದು. ಅದರ ಅರ್ಥವನ್ನು ಅವರೇ ಹೇಳಬೇಕು.