ಮಾಜಿ ಸೈನಿಕ ಅಂದ್ರೆ ಯಾರು? ಶಾಲು ಹೊದಿಸುವ ಮುಂಚೆ ಕೇಳಬೇಕಾದ ಪ್ರಶ್ನೆ

ಜನವರಿ 14 ಅಂದ್ರೆ ನಮ್ಮ ಕಡೆ ಸಂಕ್ರಾಂತಿ. ಕುಸುರೆಳ್ಳು, ಸಜ್ಜಿ ರೊಟ್ಟಿ, ಹೊಳಿ ಸ್ನಾನ. ಅದೇ ದಿನ ದೇಶದ ‘ಮಾಜಿ ಸೈನಿಕರ ದಿನ’ವೂ ಹೌದು ಅನ್ನೋದು ನನಗೆ ಗೊತ್ತಾಗಿದ್ದು ತೀರಾ ತಡವಾಗಿ, ಅದೂ ನಮ್ಮ ಕಾಕಾನಿಂದ. 17 ವರ್ಷ ಸೇನೆಯಲ್ಲಿ ಲಾರಿ ಓಡಿಸಿ ಬಂದ ಮನುಷ್ಯ ಅವರು. ‘ಇವತ್ತು ನಮ್ಮ ದಿನಾನೂ ಐತಿ, ಯಾರಿಗೂ ನೆನಪಿರೂದಿಲ್ಲ’ ಅಂತ ನಗುತ್ತಲೇ ಹೇಳಿದ್ದರು.

ಈ ದಿನಾಂಕದ ಹಿಂದೆ ಇರುವವರು ಕನ್ನಡನಾಡಿನವರೇ. ಕೊಡಗಿನ ಕೆ.ಎಂ. ಕಾರ್ಯಪ್ಪ 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಅದಕ್ಕೇ ಜನವರಿ 15 ಸೇನಾ ದಿನ. 1953ರ ಜನವರಿ 14ರಂದು ಅವರು ನಿವೃತ್ತರಾದರು. ಆ ನೆನಪಿಗೆ 2016ರಿಂದ ಜನವರಿ 14ನ್ನು ಮಾಜಿ ಸೈನಿಕರ ದಿನವಾಗಿ ಆಚರಿಸುತ್ತಿದ್ದಾರೆ. ಕಾರ್ಯಪ್ಪ ನಿವೃತ್ತಿಯಾದಾಗ ವಯಸ್ಸು 54ರ ಹತ್ತಿರ. ಮುಂದೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಭಾರತದ ಹೈಕಮಿಷನರ್ ಆಗಿ ಹೋದರು.

ಕಾಕಾ ಹೊರಗೆ ಬಂದಾಗ ಅವರಿಗೆ 36. ಆಗ ಅವರ ಮಗಳು ಮೂರನೇ ಕ್ಲಾಸು.

ಇದು ಅವರೊಬ್ಬರ ಕತೆ ಅಲ್ಲ, ಸೇನೆ ನಡೆಯೋದೇ ಹೀಗೆ. ಪಡೆ ಯುವಕರಿಂದ ತುಂಬಿರಬೇಕು, ಹಾಗಾಗಿ ಸಾಮಾನ್ಯ ಜವಾನರಲ್ಲಿ ಬಹಳ ಮಂದಿ 35–40ರ ಆಸುಪಾಸಿನಲ್ಲೇ ಹೊರಬರುತ್ತಾರೆ. ತಾಲ್ಲೂಕು ಆಫೀಸಿನ ಗುಮಾಸ್ತ 60ರವರೆಗೆ ಕೆಲಸದಲ್ಲಿರುತ್ತಾನೆ. ಜವಾನ ಅದಕ್ಕಿಂತ 20 ವರ್ಷ ಮೊದಲೇ ಪೆಟ್ಟಿಗೆ ಕಟ್ಟುತ್ತಾನೆ. ಮಕ್ಕಳ ಓದು, ಮನೆ ಸಾಲ, ತಂದೆ-ತಾಯಿಯ ಔಷಧಿ ಎಲ್ಲ ಆಗಷ್ಟೇ ಶುರು. 15 ವರ್ಷ ಸೇವೆ ಮುಗಿಸಿದ ಜವಾನನಿಗೆ ಜೀವನಪೂರ್ತಿ ಪಿಂಚಣಿ ಕೊಡುವುದು ಈ ಕಾರಣಕ್ಕೆ. ಅದು ಬಹುಮಾನವೂ ಅಲ್ಲ, ಕೃಪೆಯೂ ಅಲ್ಲ. ಒಬ್ಬನ ದುಡಿಯುವ ವಯಸ್ಸಿನ ಒಳ್ಳೆಯ ಭಾಗ ತಗೊಂಡು ಅರ್ಧ ದಾರಿಯಲ್ಲಿ ಇಳಿಸಿದ್ದಕ್ಕೆ ಕೊಡುವ ಲೆಕ್ಕ.

ಪಿಂಚಣಿ ಇದ್ದರೂ ಕಾಕಾ ಸುಮ್ಮನೆ ಕೂತವರಲ್ಲ. ಖಾಸಗಿ ಶಾಲೆಯೊಂದರ ಬಸ್ಸು ಓಡಿಸುತ್ತಾರೆ. ಬೆಳಗಿನ ಜಾವ ಐದಕ್ಕೆ ಊರ ಹೊರಗಿನ ಮೈದಾನದಲ್ಲಿ ಸೇನೆಗೆ ಸೇರಬೇಕೆಂಬ ಹುಡುಗರನ್ನು ಓಡಿಸುತ್ತಾರೆ, ಒಂದು ರೂಪಾಯಿ ತಗೊಳ್ಳದೆ. 1,600 ಮೀಟರ್ ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಬೇಕು, ಹತ್ತು ಪುಲ್‌ಅಪ್ ತೆಗೆಯಬೇಕು, ಒಂಬತ್ತು ಅಡಿ ಹಳ್ಳ ಜಿಗಿಯಬೇಕು. ಬೆಳಗಾವಿ ಜಿಲ್ಲೆಯಲ್ಲಿ ಇಂಥ ಮೈದಾನಗಳು ಬೇಕಾದಷ್ಟಿವೆ, ಬಹುತೇಕ ಕಡೆ ಸ್ಟಾಪ್‌ವಾಚ್ ಹಿಡಿದು ನಿಂತವನು ಒಬ್ಬ ನಿವೃತ್ತ ಫೌಜಿಯೇ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಮುಳುಗಿದಾಗ, ಹಗ್ಗ ಹಿಡಿದು ಮುದುಕರನ್ನು ಮನೆಯಿಂದ ಹೊರಗೆ ತಂದವರಲ್ಲಿ ಕಾಕಾ ಮತ್ತು ಅವರ ಮೂವರು ಗೆಳೆಯರೂ ಇದ್ದರು. ಅದರ ಫೋಟೋ ಯಾರೂ ತೆಗೆಯಲಿಲ್ಲ. ಆಗಸ್ಟ್ 15ಕ್ಕೆ ಶಾಲು ಹೊದಿಸಿದ ಫೋಟೋಗಳು ಮಾತ್ರ ಗೋಡೆ ತುಂಬಾ ಇವೆ.

ಆ ಮೈದಾನದಲ್ಲೇ ಒಂದು ಬೆಳಗ್ಗೆ, ಭರ್ತಿಗೆ ತಯಾರಾಗುತ್ತಿದ್ದ ಹುಡುಗನೊಬ್ಬ ಕೇಳಿದ: ‘ಫೌಜಿ ಕಾಕಾ, ನಾನೂ ನಾಕ್ ವರ್ಷ ಆದಮ್ಯಾಗ ನಿಮ್ಮಂಗ ಮಾಜಿ ಸೈನಿಕ ಆಗ್ತೇನಲ್ರಿ?’

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಇಲ್ಲಪಾ. ನೀ ಮಾಜಿ ಅಗ್ನಿವೀರ ಆಗ್ತಿ. ಅದು ಬ್ಯಾರೆ.’

ಅದು ಹೇಗೆ ಬೇರೆ? ಆ ಹುಡುಗನಿಗಿರಲಿ, ರಾಜಕೀಯ ಓದುತ್ತೇನೆ ಅಂದುಕೊಂಡ ನನಗೂ ಪೂರ್ತಿ ಗೊತ್ತಿರಲಿಲ್ಲ. ಮನೆಗೆ ಬಂದು ನಿಯಮ ತೆಗೆದು ನೋಡಿದೆ.

ನಾವು ಮಾತಿನಲ್ಲಿ ಸಮವಸ್ತ್ರ ಹಾಕಿ ಬಂದ ಎಲ್ಲರನ್ನೂ ‘ಮಾಜಿ ಸೈನಿಕ’ ಅನ್ನುತ್ತೇವೆ. ಸರ್ಕಾರದ ಕಡತದಲ್ಲಿ ಅದಕ್ಕೆ ಗಟ್ಟಿಯಾದ ವ್ಯಾಖ್ಯೆ ಇದೆ. ಕೇಂದ್ರದ ನೌಕರಿಗಳಲ್ಲಿ ಮಾಜಿ ಸೈನಿಕರ ಮರುನೇಮಕಕ್ಕೆ 1979ರಲ್ಲಿ ಮಾಡಿದ ನಿಯಮಗಳು, ಆಮೇಲೆ ಬಂದ ತಿದ್ದುಪಡಿಗಳು ಇದನ್ನು ಹೇಳುತ್ತವೆ. ಭೂಸೇನೆ, ನೌಕಾಸೇನೆ, ವಾಯುಸೇನೆಯ ಖಾಯಂ ಪಡೆಯಲ್ಲಿ ಸೇವೆ ಮಾಡಿರಬೇಕು. ಪಿಂಚಣಿ ಪಡೆದು ನಿವೃತ್ತನಾಗಿರಬೇಕು. ಇಲ್ಲವೇ ಸೇವೆಯಿಂದಾದ ಗಾಯ, ಕಾಯಿಲೆಗೆ ಅಂಗವೈಕಲ್ಯ ಪಿಂಚಣಿಯೊಂದಿಗೆ ಹೊರಬಂದಿರಬೇಕು. ಇನ್ನೊಂದು ದಾರಿಯೂ ಇದೆ: ನಿಗದಿತ ಅವಧಿಯ ಸೇವೆಯನ್ನು ಮುಗಿಸಿ, ತಾನಾಗಿ ಕೇಳಿಕೊಳ್ಳದೆ ಬಿಡುಗಡೆಯಾಗಿ, ಗ್ರಾಚ್ಯುಟಿ ಪಡೆದಿರಬೇಕು. ಶಾರ್ಟ್ ಸರ್ವಿಸ್ ಕಮಿಷನ್ನಿನ ಅಧಿಕಾರಿಗಳು ಪಿಂಚಣಿ ಇಲ್ಲದಿದ್ದರೂ ಮಾಜಿ ಸೈನಿಕರಾಗುವುದು ಈ ದಾರಿಯಿಂದಲೇ.

ಈ ಮೂರನೇ ದಾರಿಯನ್ನು ಇನ್ನೊಮ್ಮೆ ಓದಿ. ಅಗ್ನಿವೀರ ನಿಗದಿತ ಅವಧಿ ಮುಗಿಸುತ್ತಾನೆ, ನಾಲ್ಕು ವರ್ಷ. ತಾನಾಗಿ ಬಿಟ್ಟು ಬರುವುದಿಲ್ಲ, ಯೋಜನೆಯೇ ಅವನನ್ನು ಹೊರಗೆ ಕಳಿಸುತ್ತದೆ. ಇಲ್ಲದಿರುವುದು ಒಂದೇ, ಗ್ರಾಚ್ಯುಟಿ. 2022ರ ಜೂನ್ 14ರಂದು ಘೋಷಿಸಿದ ಅಗ್ನಿಪಥ ಯೋಜನೆಯ ಷರತ್ತುಗಳಲ್ಲಿ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ ಎಂದು ಬರೆದಿದ್ದಾರೆ. ಮಾಜಿ ಸೈನಿಕ ಸ್ಥಾನಮಾನವೂ ಇಲ್ಲ ಎಂದು ಪ್ರತ್ಯೇಕವಾಗಿ ಹೇಳಿದ್ದಾರೆ.

‘ಅಷ್ಟು ದುಡ್ಡು ಕೊಡ್ತಾರಲ್ಲ’ ಅನ್ನುವವರಿಗೆ ಲೆಕ್ಕ ಹೇಳಿಬಿಡುತ್ತೇನೆ. ಮೊದಲ ವರ್ಷದ ಸಂಬಳ ತಿಂಗಳಿಗೆ 30,000, ಆಮೇಲೆ 33,000, 36,500, ನಾಲ್ಕನೇ ವರ್ಷ 40,000. ಇದರಲ್ಲಿ ಪ್ರತಿ ತಿಂಗಳು ಶೇ. 30ರಷ್ಟು ಹಿಡಿದುಕೊಳ್ಳುತ್ತಾರೆ, ಅಂದ್ರೆ ಮೊದಲ ವರ್ಷ ಕೈಗೆ ಬರೋದು 21,000. ಹೀಗೆ ನಾಲ್ಕು ವರ್ಷದಲ್ಲಿ ಹುಡುಗನ ಸಂಬಳದಿಂದಲೇ 5.02 ಲಕ್ಷ ಜಮೆಯಾಗುತ್ತದೆ. ಸರ್ಕಾರ ಅಷ್ಟೇ ಮೊತ್ತ ಸೇರಿಸುತ್ತದೆ. ಬಡ್ಡಿ ಕೂಡಿ ಸುಮಾರು 11.71 ಲಕ್ಷ, ತೆರಿಗೆ ಇಲ್ಲ. ಇದೇ ‘ಸೇವಾ ನಿಧಿ’. ಅದರ ಅರ್ಧದಷ್ಟು ಅವನದೇ ಬೆವರಿನ ದುಡ್ಡು ಅನ್ನೋದನ್ನ ಟಿವಿ ಚರ್ಚೆಗಳಲ್ಲಿ ಯಾಕೋ ಯಾರೂ ಹೇಳುವುದಿಲ್ಲ. ಸೇವೆಯಲ್ಲೇ ಸತ್ತರೆ 48 ಲಕ್ಷ ವಿಮೆ, ಜೊತೆಗೆ ಪರಿಹಾರಧನ ಇದೆ. ಆದರೆ ಖಾಯಂ ಜವಾನನ ಹೆಂಡತಿಗೆ ಅಥವಾ ತಾಯಿಗೆ ತಿಂಗಳು ತಿಂಗಳು ಬರುವ ಕುಟುಂಬ ಪಿಂಚಣಿ ಇಲ್ಲ. ಒಂದೇ ಬಂಕರ್‌ನಲ್ಲಿ, ಒಂದೇ ಶೆಲ್‌ಗೆ ಇಬ್ಬರು ಬಲಿಯಾದರೆ ಎರಡು ಮನೆಗಳ ನಾಳೆ ಎರಡು ಥರ.

ಪಿಂಚಣಿ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಆ ಎರಡು ಪದ, ‘ಮಾಜಿ ಸೈನಿಕ’, ಕೈತಪ್ಪಿದರೆ ಇನ್ನೇನೇನು ಹೋಗುತ್ತದೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್, ಮಿಲಿಟರಿ ಕ್ಯಾಂಟೀನಿನ ಕಾರ್ಡು. ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 10, ಗ್ರೂಪ್ ಡಿಯಲ್ಲಿ ಶೇ. 20 ಮೀಸಲು. ವಯೋಮಿತಿಯಲ್ಲಿ ಸಡಿಲಿಕೆ: ಮಾಡಿದ ಸೇವೆಯ ವರ್ಷಗಳನ್ನು ವಯಸ್ಸಿನಿಂದ ಕಳೆದು, ಮೇಲೆ ಇನ್ನೂ ಮೂರು ವರ್ಷ. ರಾಜ್ಯಗಳಲ್ಲಿ ಜಮೀನು ಮಂಜೂರಾತಿ. ಕಾಕಾನ ಮಗಳಿಗೆ ಆಪರೇಷನ್ ಆದಾಗ ಬಿಲ್ಲು ಕಟ್ಟಿದ್ದು ಇಸಿಎಚ್‌ಎಸ್. ಆ ಕಾರ್ಡು ಇಲ್ಲದಿದ್ದರೆ ಹೊಲ ಹೋಗುತ್ತಿತ್ತು ಅಂತ ಕಾಕೂ ಈಗಲೂ ಹೇಳುತ್ತಾರೆ.

ಸರ್ಕಾರದ ವಾದವನ್ನೂ ನ್ಯಾಯವಾಗಿ ಇಡಬೇಕು. 2025–26ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟ 6.81 ಲಕ್ಷ ಕೋಟಿಯಲ್ಲಿ ಸುಮಾರು 1.61 ಲಕ್ಷ ಕೋಟಿ ಪಿಂಚಣಿಗೇ ಹೋಗುತ್ತದೆ. ರಕ್ಷಣಾ ಇಲಾಖೆಯ ಸಿವಿಲಿಯನ್ ನೌಕರರ ಪಿಂಚಣಿಯೂ ಇದರೊಳಗೇ ಇದೆ, ಇರಲಿ. ಹೊಸ ಶಸ್ತ್ರಾಸ್ತ್ರಕ್ಕೆ ದುಡ್ಡು ಬೇಕು, ಪಡೆಯ ಸರಾಸರಿ ವಯಸ್ಸು ಇಳಿಯಬೇಕು ಅನ್ನುವುದು ಸುಳ್ಳು ಚಿಂತೆಗಳಲ್ಲ. ದೆಹಲಿ ಹೈಕೋರ್ಟ್ 2023ರ ಫೆಬ್ರವರಿಯಲ್ಲಿ ಯೋಜನೆಯನ್ನು ಎತ್ತಿಹಿಡಿಯಿತು, ಸುಪ್ರೀಂ ಕೋರ್ಟೂ ಅದಕ್ಕೆ ಕೈಹಾಕಲಿಲ್ಲ. ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿಯಿತು ಅಂತಲೇ ಇಟ್ಟುಕೊಳ್ಳೋಣ. ಆದರೆ ಪಿಂಚಣಿ ಕೊಡಲಾಗದು ಅನ್ನುವುದು ಒಂದು ಮಾತು, ನೀನು ಮಾಜಿ ಸೈನಿಕನೇ ಅಲ್ಲ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಬಜೆಟ್ಟಿನ ಕಾರಣ ಕೊಡಬಹುದು. ಸೈನಿಕ ಕಲ್ಯಾಣ ಇಲಾಖೆಯ ರಿಜಿಸ್ಟರಿನಲ್ಲಿ ಒಂದು ಹೆಸರು ಬರೆದುಕೊಳ್ಳಲು ಎಷ್ಟು ಕೋಟಿ ಬೇಕು?

ಇನ್ನೊಂದು ವಿಚಿತ್ರ ಇದೆ. ನಾಲ್ಕು ವರ್ಷದ ನಂತರ ನಾಲ್ವರಲ್ಲಿ ಒಬ್ಬರನ್ನು, ಅಂದ್ರೆ ಹೆಚ್ಚೆಂದರೆ ಶೇ. 25 ಮಂದಿಯನ್ನು, ಖಾಯಂ ಮಾಡಿಕೊಳ್ಳುತ್ತಾರೆ. ಉಳಿದವರಿಗೆ ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಕೇಂದ್ರ ಪಡೆಗಳಲ್ಲಿ ಶೇ. 10 ಮೀಸಲು ಎಂದು 2022ರಲ್ಲೇ ಘೋಷಿಸಿದರು. ಸರಿ, ಹುಡುಗ ಸಿಆರ್‌ಪಿಎಫ್ ಸೇರಿದ, 60ರವರೆಗೆ ಕಾಶ್ಮೀರ, ಬಸ್ತರ್, ಮಣಿಪುರ ಸುತ್ತಿದ ಅಂತಿಟ್ಟುಕೊಳ್ಳಿ. ಆಮೇಲಾದರೂ ಮಾಜಿ ಸೈನಿಕನಾಗುತ್ತಾನಾ? ಇಲ್ಲ. ಆ ಪಡೆಗಳು ಗೃಹ ಸಚಿವಾಲಯದ ಕೆಳಗೆ ಬರುತ್ತವೆ, 1979ರ ವ್ಯಾಖ್ಯೆಯೊಳಗೆ ಬರುವುದಿಲ್ಲ. 2012ರಲ್ಲಿ ಅವರಿಗೆಂದೇ ‘ಮಾಜಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆ ಸಿಬ್ಬಂದಿ’ ಎಂಬ ಬೇರೆ ಹೆಸರು ಕೊಟ್ಟು, ಸೌಲಭ್ಯ ಕೊಡುವುದನ್ನು ರಾಜ್ಯಗಳಿಗೆ ಬಿಟ್ಟರು. 2004ರ ಜನವರಿ 1ರ ನಂತರ ಸೇರಿದವರಿಗೆ ಹಳೆಯ ಪಿಂಚಣಿಯೂ ಇಲ್ಲ, ಎನ್‌ಪಿಎಸ್. ಮೂರು ಸೇನೆಗಳಿಗೆ ಮಾತ್ರ ಆಗ ವಿನಾಯಿತಿ ಸಿಕ್ಕಿತು. ಈ ಪಡೆಗಳೂ ದೇಶದ ಸಶಸ್ತ್ರ ಪಡೆಗಳೇ, ಹಳೆಯ ಪಿಂಚಣಿ ಕೊಡಿ ಎಂದು ದೆಹಲಿ ಹೈಕೋರ್ಟ್ 2023ರ ಜನವರಿಯಲ್ಲಿ ತೀರ್ಪು ಕೊಟ್ಟಿತು, ಕೇಂದ್ರ ಮೇಲ್ಮನವಿ ಹೋಗಿ ಸುಪ್ರೀಂ ಕೋರ್ಟಿನಿಂದ ತಡೆ ತಂದಿತು.

2019ರ ಫೆಬ್ರವರಿ 14 ನೆನಪಿದೆಯಲ್ಲ? ಪುಲ್ವಾಮಾದಲ್ಲಿ ಪ್ರಾಣ ಬಿಟ್ಟ 40 ಮಂದಿಯೂ ಸಿಆರ್‌ಪಿಎಫ್‌ನವರು. ಅವರಲ್ಲಿ ಒಬ್ಬರು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಗುಡಿಗೆರೆಯವರು. ಆ ವಾರ ರಾಜ್ಯದ ಊರೂರಲ್ಲಿ ಮೇಣದಬತ್ತಿ ಹಚ್ಚಿದೆವು, ನಾನೂ ಹಚ್ಚಿದೆ. ಬ್ಯಾನರ್‌ಗಳಲ್ಲಿ ‘ನಮ್ಮ ವೀರ ಸೈನಿಕರು’ ಅಂತಲೇ ಇತ್ತು. ಅವರ ಜೊತೆ ಅದೇ ಬಸ್ಸುಗಳಲ್ಲಿ ಹೋಗಿ ಬದುಕಿ ಉಳಿದವರು ಮುಂದೆ ನಿವೃತ್ತರಾದಾಗ ಸರ್ಕಾರದ ಪಟ್ಟಿಯಲ್ಲಿ ಆ ಪದ ಅವರಿಗೆ ಸಿಗುವುದಿಲ್ಲ ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಪಟ್ಟಿಯೊಳಗೆ ಇದ್ದವರಿಗೂ ಎಲ್ಲ ಸಲೀಸಾಗಿ ಸಿಕ್ಕಿಲ್ಲ. ಒಂದೇ ಹುದ್ದೆ, ಒಂದೇ ಅವಧಿಯ ಸೇವೆಗೆ ಒಂದೇ ಪಿಂಚಣಿ ಕೊಡಿ ಅನ್ನುವ ಸರಳ ಬೇಡಿಕೆಗೆ ಮುದುಕರು 2015ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ತಿಂಗಳುಗಟ್ಟಲೆ ಕೂರಬೇಕಾಯಿತು. ಸ್ವಾತಂತ್ರ್ಯ ದಿನದ ಹಿಂದಿನ ದಿನ ಪೊಲೀಸರು ಅವರನ್ನು ಅಲ್ಲಿಂದ ಎಬ್ಬಿಸಲು ಹೋಗಿ ಎಳೆದಾಡಿದ್ದೂ ಆಯಿತು. ಆದೇಶ ಬಂದಿದ್ದು ನವೆಂಬರ್ 7ಕ್ಕೆ. ಅದರಲ್ಲೂ, ಇನ್ನು ಮುಂದೆ ಸ್ವಇಚ್ಛೆಯಿಂದ ಹೊರಬರುವವರಿಗೆ ಇದು ಅನ್ವಯಿಸದು ಎಂಬ ಒಂದು ಸಾಲು ಇತ್ತು. ಕೇಳದೆ ಇದ್ದರೆ ಯಾವ ಸರ್ಕಾರವೂ ತಾನಾಗಿ ಕೊಟ್ಟಿಲ್ಲ. ಕಾಂಗ್ರೆಸ್ಸೂ ಕೊಟ್ಟಿರಲಿಲ್ಲ, ಬಿಜೆಪಿಯೂ ಕೂರಿಸಿಯೇ ಕೊಟ್ಟಿತು. ಅಗ್ನಿವೀರರಿಗೆ ಹಾಗೆ ಕೂರಲು ಸಂಘವೂ ಇಲ್ಲ. 22–23ರ ಹುಡುಗರು, ಒಬ್ಬೊಬ್ಬರು ಒಂದೊಂದು ಊರಿಗೆ ಹೋಗುತ್ತಾರೆ.

ಭೂಸೇನೆಯ ಮೊದಲ ತಂಡದ ತರಬೇತಿ ಶುರುವಾಗಿದ್ದು 2023ರ ಆರಂಭದಲ್ಲಿ. ಅಂದ್ರೆ ಅವರ ನಾಲ್ಕು ವರ್ಷ ತುಂಬುವುದು 2026ರ ಕೊನೆಯ ಹೊತ್ತಿಗೆ. ಕಾಕಾನ ಮೈದಾನದಿಂದ ಹೋದ ಇಬ್ಬರು ಆ ತಂಡದಲ್ಲಿದ್ದಾರೆ. ಕೇಂದ್ರದ ವ್ಯಾಖ್ಯೆ ಬದಲಾಗಬೇಕಾದರೆ ದೆಹಲಿಯಲ್ಲೇ ಆಗಬೇಕು. ಒಂದು ಸಣ್ಣ ಗ್ರಾಚ್ಯುಟಿ ಸೇರಿಸಿ, ಯೋಜನೆಯ ಆ ಒಂದು ಷರತ್ತನ್ನು ತೆಗೆದರೆ ಮೂರನೇ ದಾರಿ ತೆರೆದುಕೊಳ್ಳುತ್ತದೆ. ಆದರೆ ರಾಜ್ಯದ ನೇಮಕಾತಿ ನಿಯಮ, ಜಮೀನು ನಿಯಮಗಳನ್ನು ಬರೆಯುವುದು ವಿಧಾನಸೌಧವೇ. ಅಗ್ನಿಪಥವನ್ನು ವಿರೋಧಿಸಿ ಭಾಷಣ ಮಾಡುವ ಪಕ್ಷ ಅಧಿಕಾರದಲ್ಲಿದ್ದಾಗ ತನ್ನ ನಿಯಮದಲ್ಲಿ ಅವರನ್ನು ಸೇರಿಸಿಕೊಂಡಿದೆಯಾ, ಬೆಂಬಲಿಸುವ ಪಕ್ಷ ಅದನ್ನೇ ಕೇಳುತ್ತಿದೆಯಾ, ನಿಮ್ಮ ಶಾಸಕರು ಈ ಆಗಸ್ಟ್ 15ಕ್ಕೆ ಶಾಲು ಹಿಡಿದು ಬಂದಾಗ ಕೇಳಿ ನೋಡಿ.

ಕಾಕಾ ಮಾತ್ರ ಈಗ ಮೈದಾನದಲ್ಲಿ ಹೊಸ ಷರತ್ತು ಹಾಕಿದ್ದಾರೆ. ಓಡಲು ಬರುವ ಹುಡುಗರು ಮೊದಲು ಮುಕ್ತ ವಿಶ್ವವಿದ್ಯಾಲಯದಲ್ಲಿ ಡಿಗ್ರಿಗೆ ಹೆಸರು ಹಚ್ಚಬೇಕು, ಪಿಯುಸಿ ಆಗದವರು ಅದನ್ನು ಕಟ್ಟಬೇಕು. ರಸೀದಿ ತೋರಿಸದಿದ್ದರೆ ಸ್ಟಾಪ್‌ವಾಚ್ ಒತ್ತುವುದಿಲ್ಲ. ‘ನಾ ಹೋದಾಗ ಹೊರಗ ಬಂದಮ್ಯಾಗ ಏನು ಅಂತ ಯಾರೂ ಕೇಳಿರಲಿಲ್ಲ, ಕೇಳೂ ಜರೂರತ್ತೂ ಇರಲಿಲ್ಲ’ ಅಂದರು ಮೊನ್ನೆ. ಸಂಕ್ರಾಂತಿಗೆ ಊರಿನ ಮಾಜಿ ಸೈನಿಕರ ಸನ್ಮಾನಕ್ಕೆ ಪಟ್ಟಿ ಮಾಡಿಕೊಡಿ ಎಂದು ಯುವಕ ಸಂಘದವರು ಅವರಿಗೇ ಹೇಳಿದ್ದಾರಂತೆ. ಹನ್ನೊಂದು ಹೆಸರು ಬರೆದಿದ್ದಾರೆ. ಬಿಎಸ್‌ಎಫ್‌ನಿಂದ ಬಂದವರೊಬ್ಬರ ಹೆಸರನ್ನೂ ಸೇರಿಸಿದ್ದಾರೆ, ಯಾರನ್ನೂ ಕೇಳದೆ. ಮೈದಾನದಿಂದ ಹೋದ ಆ ಇಬ್ಬರು ಹುಡುಗರು ವಾಪಸ್ ಬಂದರೆ ಅವರ ಹೆಸರೂ ಇದೇ ಹಾಳೆಯಲ್ಲಿ ಬರುತ್ತದೆ ಎಂದು ಸಂಘದವರಿಗೆ ಈಗಲೇ ಹೇಳಿಟ್ಟಿದ್ದಾರೆ.